ಅಪ್‌ಡೇಟ್ ಬಂದ್ ಮಾಡಿ ಕೊಡ್ರಿ

ರಾಯಚೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವನ ಕಿವಿಗೆ ಈ ಮಾತು ದಿನಕ್ಕೆ ಒಂದು ಸಲವಾದರೂ ಬೀಳುತ್ತದೆ. ವಿಂಡೋಸ್ ಹಾಕ್ರಿ, ನುಡಿ ಹಾಕ್ರಿ, ಟ್ಯಾಲಿ ಹಾಕ್ರಿ, ಹಂಗೇ ಅಪ್‌ಡೇಟ್ ಬಂದ್ ಮಾಡಿ ಕೊಡ್ರಿ. ಡಿಟಿಪಿ ಅಂಗಡಿಯವರು, ರಾಜೇಂದ್ರ ಗಂಜ್‌ನಲ್ಲಿ ಹತ್ತಿ ಲೆಕ್ಕ ಬರೆಯುವವರು, ಅಕ್ಕಿ ಗಿರಣಿಯ ಗುಮಾಸ್ತರು, ಎಲ್ಲರೂ ಇದನ್ನೇ ಕೇಳುತ್ತಾರೆ. ನಾನು 2007ರಿಂದ ಈ ಕೆಲಸದಲ್ಲಿದ್ದೇನೆ. ಎಷ್ಟೋ ಮಷೀನುಗಳಲ್ಲಿ ನಾನೇ ಬಂದ್ ಮಾಡಿ ಕೊಟ್ಟಿದ್ದೇನೆ. ಅದು ತಪ್ಪು ಅಂತ ಈಗ ಗೊತ್ತಿದೆ. ಆದರೆ ಕೇಳಿದವರು ದಡ್ಡರು ಅನ್ನುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

ಅಪ್‌ಡೇಟ್ ಅಂದರೆ ತಂತ್ರಾಂಶದಲ್ಲಿ ಸಿಕ್ಕ ತೂತಿಗೆ ಹಾಕುವ ತೇಪೆ. ತೂತು ಮುಚ್ಚಬೇಡಿ ಅಂತ ಯಾರೂ ಸುಮ್ನೆ ಹೇಳುವುದಿಲ್ಲ. ತೇಪೆಯ ಜೊತೆ ಕೇಳದೇ ಇರೋದು ಏನೋ ಒಳಗೆ ಬಂದು ಕೂತ ಅನುಭವ ಆದವರು ಹೇಳುತ್ತಾರೆ. ಆ ಅನುಭವ ಎಲ್ಲಿಂದ ಬಂತು, ಯಾವಾಗಿಂದ ಬಂತು ಅನ್ನೋದನ್ನು ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಕಳೆದ ವರ್ಷ ತೀನ್ ಕಂದೀಲ್ ಹತ್ತಿರದ ಒಂದು ಡಿಟಿಪಿ ಅಂಗಡಿಯಿಂದ ಬೆಳಿಗ್ಗೆಯೇ ಫೋನ್ ಬಂತು. ಹೋದರೆ ಹೊರಗೆ ಕಟ್ಟೆ ಮೇಲೆ ಏಳೆಂಟು ಹುಡುಗರು 371 ಜೆ ಅರ್ಜಿ ಹಿಡಿದು ಕೂತಿದ್ದಾರೆ, ಒಳಗೆ ಅಂಗಡಿಯ ಅಣ್ಣ ಪ್ರಿಂಟರಿನ ಬಾಯಿ ತೆಗೆದು ನಿಂತಿದ್ದಾರೆ. ಹಿಂದಿನ ರಾತ್ರಿ ತನಕ ಚೆನ್ನಾಗಿ ಹಾಳೆ ತೆಗೆದ ಪ್ರಿಂಟರು ಈಗ ಈ ಕಾರ್ಟ್ರಿಡ್ಜ್ ನಡೆಯುವುದಿಲ್ಲ ಅನ್ನುತ್ತಿತ್ತು. ಕಂಪನಿಯ ಹೆಸರು ಬೇಡ. ಕಾರ್ಟ್ರಿಡ್ಜ್ ತೆಗೆದು ಬೆಳಕಿಗೆ ಹಿಡಿದೆ. ಅದರ ಪಕ್ಕದಲ್ಲಿ ಅಂಗಿ ಗುಂಡಿಗಿಂತ ಸಣ್ಣದೊಂದು ಚಿಪ್, ಅದರ ಮೇಲೆ ಬಂಗಾರದ ಬಣ್ಣದ ನಾಲ್ಕು ಚುಕ್ಕೆ. ಒಳಗೆ ಪುಡಿ ತುಂಬಿತ್ತು, ಡ್ರಮ್ಮಿನ ಮೇಲೆ ಒಂದು ಗೀರಿರಲಿಲ್ಲ. ರಾತ್ರಿ ನೆಟ್ಟಿನಿಂದ ಪ್ರಿಂಟರಿಗೆ ಅಪ್‌ಡೇಟ್ ಬಂದಿತ್ತು. ಅದಾದ ಮೇಲೆ ರೀಫಿಲ್ ಕಾರ್ಟ್ರಿಡ್ಜಿನ ಈ ಚಿಪ್ ಅದಕ್ಕೆ ಬೇಡವಾಗಿತ್ತು.

"ನಾ ಏನೂ ಮುಟ್ಟಿಲ್ಲಪ್ಪ, ಮುಂಜಾನೆ ಬಂದು ನೋಡಿದ್ರ ಹಿಂಗಾಗೈತಿ" ಅಂದರು ಅಣ್ಣ. ಸ್ವಲ್ಪ ಹೊತ್ತು ಬಿಟ್ಟು, "ಪ್ರಿಂಟರ್ ನಂದು, ರೊಕ್ಕ ನಂದು, ಈ ಪುಡಿ ಬ್ಯಾಡ ಅನ್ನಾಕ ಅವರು ಯಾರು?" ಅಂದರು.

ಈ ಪ್ರಶ್ನೆಗೆ ನಲವತ್ತು ವರ್ಷಕ್ಕಿಂತ ಜಾಸ್ತಿ ವಯಸ್ಸಾಗಿದೆ. ಅದು ಶುರುವಾದದ್ದೂ ಒಂದು ಪ್ರಿಂಟರಿನ ಹತ್ತಿರವೇ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಕಾಗದ ಆಗಾಗ ಸಿಕ್ಕಿಕೊಳ್ಳುತ್ತಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಅದಕ್ಕಿಂತ ಹಿಂದಿನ ಪ್ರಿಂಟರಿನ ಪ್ರೋಗ್ರಾಮನ್ನು ತಾವೇ ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರ ಪರದೆಗೆ ಸುದ್ದಿ ಹೋಗುವ ಹಾಗೆ ಮಾಡಿದ್ದರು. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಅದರ ಮೂಲ ಪ್ರೋಗ್ರಾಂ ಸಿಗಲಿಲ್ಲ. ಇದ್ದವರನ್ನು ಹುಡುಕಿಕೊಂಡು ಹೋಗಿ ಕೇಳಿದರೂ, ಯಾರಿಗೂ ಕೊಡುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ ಅಂದುಬಿಟ್ಟರು. ಆ ನೋವೇ ಬೆಳೆದು 1983ರಲ್ಲಿ, ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಆಯಿತು. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಅದರ ಜೊತೆ ಸೇರಿತು.

ಅದಕ್ಕೂ ಮುಂಚೆ ಇನ್ನೊಂದು ದಾರಿ ತೆರೆದಿತ್ತು. 1969ರ ತನಕ ಐಬಿಎಂ ಮಷೀನ್ ಕೊಟ್ಟರೆ ಅದರ ಜೊತೆಗೇ ತಂತ್ರಾಂಶವನ್ನೂ ಕೊಡುತ್ತಿತ್ತು. ಆ ವರ್ಷ ಎರಡಕ್ಕೂ ಬೇರೆ ಬೇರೆ ಬೆಲೆ ಕಟ್ಟುತ್ತೇವೆ ಅಂತ ಹೇಳಿತು. 1976ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ಕಂಪ್ಯೂಟರ್ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದು, ನಮ್ಮ ತಂತ್ರಾಂಶವನ್ನು ಕದಿಯುತ್ತಿದ್ದೀರಿ ಅಂತ ನೇರವಾಗಿ ಆರೋಪಿಸಿದರು. ಬರೆದವನಿಗೆ ಕೂಲಿ ಬೇಕು ಅನ್ನುವ ಅವರ ಮಾತು ನ್ಯಾಯದ್ದೇ. ಆದರೆ ಆ ದಾರಿಯಲ್ಲಿ ಮುಂದೆ ಹೋದ ಹಾಗೆ ತಂತ್ರಾಂಶ ಕೊಂಡುಕೊಳ್ಳುವ ವಸ್ತುವಾಗಿ ಉಳಿಯಲಿಲ್ಲ. ನಾವು ದುಡ್ಡು ಕೊಟ್ಟು ಪಡೆಯುವುದು ಬಳಸುವುದಕ್ಕೆ ಪರವಾನಗಿ ಮಾತ್ರ. ಓದದೆ ಒಪ್ಪಿಗೆ ಒತ್ತುವ ಆ ಉದ್ದನೆಯ ಪುಟದಲ್ಲಿ ಇರುವುದು ಇದೇ.

ಇನ್ನು ಭದ್ರತೆ. ಕಂಪ್ಯೂಟರು ನೆಟ್ಟಿಗೆ ಸೇರುವ ತನಕ ತೂತುಗಳ ಚಿಂತೆ ಅಷ್ಟಿರಲಿಲ್ಲ. 2001ರಲ್ಲಿ ಕೋಡ್ ರೆಡ್, ನಿಮ್ಡಾ ಅನ್ನುವ ಹುಳುಗಳು, ಅಂದರೆ ತೂತಿನಿಂದ ನುಗ್ಗಿ ತಾವೇ ಹರಡುವ ಪ್ರೋಗ್ರಾಂಗಳು, ಜಗತ್ತಿನ ತುಂಬ ಹರಿದಾಡಿದವು. 2002ರ ಜನವರಿಯಲ್ಲಿ ಗೇಟ್ಸ್ ತಮ್ಮ ಕಂಪನಿಯವರಿಗೆಲ್ಲ ಪತ್ರ ಬರೆದು, ಹೊಸ ಸೌಲಭ್ಯಕ್ಕಿಂತ ಭದ್ರತೆ ಮುಂದಿರಬೇಕು ಅಂದರು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಬಂತು. ಅರವತ್ತು ಸೆಕೆಂಡ್ ಎಣಿಸಿ ಕಂಪ್ಯೂಟರು ತಾನೇ ಆರಿ ಹೊತ್ತುತ್ತಿತ್ತು. ಅದರ ತೇಪೆ ಬಂದು ಆಗಲೇ ಒಂದು ತಿಂಗಳಾಗಿತ್ತು, ಜನ ಹಾಕಿಕೊಂಡಿರಲಿಲ್ಲ ಅಷ್ಟೇ. ಆ ಅಕ್ಟೋಬರಿನಿಂದ ತಿಂಗಳ ಎರಡನೇ ಮಂಗಳವಾರ ತೇಪೆ ಬಿಡುವ ಪದ್ಧತಿ ಬಂತು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಗೆ ಬಂದ ಎರಡನೇ ಸರ್ವೀಸ್ ಪ್ಯಾಕ್, ಅಂದರೆ ತೇಪೆಗಳ ದೊಡ್ಡ ಗಂಟು, ಹೊರಗಿನಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲನ್ನು ತಾನಾಗಿಯೇ ಶುರು ಮಾಡಿತು. ಇದೆಲ್ಲ ಒಳ್ಳೆಯ ಕೆಲಸ. ಇದನ್ನು ಮಾಡಿದ ಎಂಜಿನಿಯರುಗಳ ಬಗ್ಗೆ ನನಗೆ ಗೌರವ ಇದೆ.

ಕೆಟ್ಟದ್ದು ಆಮೇಲೆ. ನಮ್ಮ ಕಡೆಯವರಿಗೆ ಕಾಲುವೆಯ ಮಾತಿನಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ರೈತ ನೀರು ಬರುತ್ತದೆ ಅಂತ ತೂಬು ಎತ್ತುತ್ತಾನೆ. ನೀರಿನ ಜೊತೆ ಹೊಲಕ್ಕೆ ಏನೇನೋ ಬಂದು ಸೇರುತ್ತಾ ಹೋದರೆ ಒಂದು ದಿನ ತೂಬು ಇಳಿಸಿಬಿಡುತ್ತಾನೆ. ಆಮೇಲೆ ಪೈರಿಗೆ ನೀರಿಲ್ಲ.

2006ರಲ್ಲಿ ಮೈಕ್ರೋಸಾಫ್ಟ್ ಮಾಡಿದ್ದು ಹೀಗೆ: ವಿಂಡೋಸ್ ಅಸಲಿಯೋ ನಕಲಿಯೋ ನೋಡುವ ಒಂದು ಪ್ರೋಗ್ರಾಮನ್ನು ಅದು ಭದ್ರತಾ ತೇಪೆಗಳು ಬರುವ ದಾರಿಯಲ್ಲೇ, ತುರ್ತು ಅಪ್‌ಡೇಟಿನ ಸಾಲಿನಲ್ಲೇ ಕಳಿಸಿತು. ಅದು ದಿನಾ ಕಂಪನಿಗೆ ವರದಿ ಒಪ್ಪಿಸುತ್ತಿತ್ತು ಅನ್ನೋದು ಹೊರಬಂದ ಮೇಲೆ ಕೋರ್ಟಿಗೆ ಹೋದವರೂ ಇದ್ದಾರೆ. ಬಳಸುವವನ ತೂತು ಮುಚ್ಚುವ ಕೆಲಸ ಅದರಿಂದ ಏನೂ ಆಗುತ್ತಿರಲಿಲ್ಲ, ಆಗುತ್ತಿದ್ದದ್ದು ಕಂಪನಿಯ ಕೆಲಸ. 2008ರಲ್ಲಿ ಇದರ ಹೊಸ ರೂಪ ಬಂತು. ನಕಲಿ ಎಕ್ಸ್‌ಪಿ ಇದ್ದರೆ ಗಂಟೆಗೊಂದು ಸಲ ಡೆಸ್ಕ್‌ಟಾಪಿನ ಹಿನ್ನೆಲೆ ಪೂರ್ತಿ ಕಪ್ಪಾಗುವುದು.

ಆಗ ನಮ್ಮೂರಲ್ಲಿ ಅಸಲಿ ವಿಂಡೋಸ್ ಇದ್ದ ಅಂಗಡಿ ಹುಡುಕಬೇಕಿತ್ತು. ಅದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಪರದೆ ಕಪ್ಪಾದ ಕೂಡಲೇ ಎಲ್ಲರೂ ಮಾಡಿದ್ದು ಒಂದೇ ಕೆಲಸ. ಅಪ್‌ಡೇಟ್ ಬಂದ್. ನಾನೂ ಸಾಲಾಗಿ ಬಂದ್ ಮಾಡುತ್ತಾ ಹೋದೆ. ಅದೇ ವರ್ಷ ಅಕ್ಟೋಬರ್ 23ಕ್ಕೆ ಮೈಕ್ರೋಸಾಫ್ಟ್ ಒಂದು ದೊಡ್ಡ ತೂತಿಗೆ ಅವಸರದ ತೇಪೆ ಬಿಟ್ಟಿತು, ಎರಡನೇ ಮಂಗಳವಾರಕ್ಕೂ ಕಾಯದೆ. ನಕಲಿ ಇದ್ದವರಿಗೂ ಭದ್ರತಾ ತೇಪೆ ಸಿಗುತ್ತಿತ್ತು. ಆದರೆ ತೂಬು ಇಳಿದಾಗಿತ್ತಲ್ವಾ. ನವೆಂಬರಿನಲ್ಲಿ ಆ ತೂತಿನಿಂದಲೇ ಕಾನ್ಫಿಕರ್ ಅನ್ನುವ ಹುಳು ನುಗ್ಗಿತು. ಸ್ವಲ್ಪ ದಿನಕ್ಕೆ ಅದು ಪೆನ್‌ಡ್ರೈವಿನಲ್ಲೂ ಸಾಗುವುದನ್ನು ಕಲಿಯಿತು. ಡಿಟಿಪಿ ಅಂಗಡಿಗೆ ಬರುವುದೆಲ್ಲ ಪೆನ್‌ಡ್ರೈವಿನಲ್ಲೇ. ಮದುವೆ ಕಾರ್ಡು, ಕರಪತ್ರ, ಹುಡುಗರ ಪ್ರಾಜೆಕ್ಟು, ಒಂದು ಮಷೀನಿಗೆ ಚುಚ್ಚಿದ್ದು ಊರು ಸುತ್ತುತ್ತಿತ್ತು. ಒಂದೇ ವರ್ಷದಲ್ಲಿ, ಒಂದೇ ದಾರಿಯಲ್ಲಿ ಬಂದ ಎರಡು ಅಪ್‌ಡೇಟು: ಒಂದು ಕಂಪನಿಗೆ ಬೇಕಾದದ್ದು, ಇನ್ನೊಂದು ನಮಗೆ ಬೇಕಾದದ್ದು. ಮೊದಲನೆಯದು ಎರಡನೆಯದರ ಮೇಲಿನ ನಂಬಿಕೆಯನ್ನು ತಿಂದು ಹಾಕಿತು. ನನ್ನ ಪ್ರಕಾರ ಈ ಇಡೀ ಕಥೆಯ ಗಂಟು ಇರುವುದು ಇಲ್ಲೇ.

ಆಮೇಲೂ ಕಲಿಯಲಿಲ್ಲ. 2015ರಲ್ಲಿ ವಿಂಡೋಸ್ 10 ಬಂತು, ಹಾಕಿಕೊಳ್ಳಿ ಹಾಕಿಕೊಳ್ಳಿ ಅಂತ ಹಳೆಯ ವಿಂಡೋಸಿನಲ್ಲಿ ಕಿಟಕಿ ತೆರೆಯುತ್ತಲೇ ಇತ್ತು. 2016ರಲ್ಲಿ ಆ ಕಿಟಕಿಯ ಮೂಲೆಯ ಕೆಂಪು ಗುರುತು ಒತ್ತಿ ಮುಚ್ಚಿದರೂ ಒಪ್ಪಿಗೆ ಕೊಟ್ಟ ಹಾಗೆ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುತ್ತಿದ್ದ ಒಬ್ಬ ಮಹಿಳೆ ಕೇಳದೇ ತಾನಾಗಿ ಬಂದ ವಿಂಡೋಸ್ 10ರಿಂದ ಕೆಲಸ ಕೆಟ್ಟಿತು ಅಂತ ಕೋರ್ಟಿಗೆ ಹೋಗಿ 10,000 ಡಾಲರ್ ಪಡೆದರು. ಅದೇ ವರ್ಷ ಸೆಪ್ಟೆಂಬರ್ 13ಕ್ಕೆ ಎಚ್‌ಪಿಯ ಕೆಲವು ಮಾದರಿಯ ಪ್ರಿಂಟರುಗಳು ಬೇರೆಯವರು ಮಾಡಿದ ಕಾರ್ಟ್ರಿಡ್ಜುಗಳನ್ನು ಒಮ್ಮೆಗೇ ಬೇಡ ಅಂದವು. ಒಳಗೆ ಮುಂಚೆಯೇ ಹಾಕಿಟ್ಟಿದ್ದ ತಂತ್ರಾಂಶಕ್ಕೆ ಕಂಪನಿ ಇಟ್ಟ ಹೆಸರು ಡೈನಮಿಕ್ ಸೆಕ್ಯೂರಿಟಿ. ಸೆಕ್ಯೂರಿಟಿ ಅಂತೆ! ಯಾರಿಗೆ ಭದ್ರತೆ ಅಂತ ಗ್ರಾಹಕರು ಕೇಳಿದ ಮೇಲೆ ಕಂಪನಿ ಕ್ಷಮೆ ಕೇಳಿ, ಅದನ್ನು ತೆಗೆಯುವ ಬೇರೆ ಅಪ್‌ಡೇಟ್ ಕೊಟ್ಟಿತು. ಪದ್ಧತಿ ಮಾತ್ರ ಹೋಗಲಿಲ್ಲ. 2017ರ ಡಿಸೆಂಬರಿನಲ್ಲಿ, ಬ್ಯಾಟರಿ ಸವೆದ ಐಫೋನುಗಳ ವೇಗವನ್ನು ಅಪ್‌ಡೇಟ್ ಮೂಲಕ ಇಳಿಸಿದ್ದೇವೆ ಅಂತ ಆಪಲ್ ಒಪ್ಪಿಕೊಂಡಿತು. ಫೋನು ತಾನಾಗಿ ಆರಿಹೋಗದಿರಲಿ ಅಂತ ಮಾಡಿದ್ದು ಅಂದರು. ಇರಬಹುದು. ಹೇಳಿ ಮಾಡಬಹುದಿತ್ತಲ್ಲ.

ತೇಪೆ ಹಾಕದೇ ಇದ್ದದ್ದರ ಬೆಲೆ ಎಷ್ಟು ಅಂತ ಗೊತ್ತಾಗಿದ್ದು 2017ರ ಮೇ 12ಕ್ಕೆ. ವಿಂಡೋಸಿನ ಒಂದು ತೂತನ್ನು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ ಗುಟ್ಟಾಗಿ ಇಟ್ಟುಕೊಂಡಿತ್ತು, ಆ ಗುಟ್ಟು ಸೋರಿತು, ಅದನ್ನು ಹಿಡಿದು ವಾನಾಕ್ರೈ ಅನ್ನುವ ಹುಳು 150ಕ್ಕೂ ಹೆಚ್ಚು ದೇಶಗಳಲ್ಲಿ ಹರಡಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ಪಕ್ಕದ ಆಂಧ್ರದ ಪೊಲೀಸರ ಕೆಲವು ಕಂಪ್ಯೂಟರುಗಳಿಗೂ ತಗುಲಿತು. ತೇಪೆ ಮಾರ್ಚ್ 14ಕ್ಕೇ ಬಂದಿತ್ತು, ಹತ್ತಿರ ಹತ್ತಿರ ಎರಡು ತಿಂಗಳು ಮುಂಚೆ. 2014ರಲ್ಲೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತೇಪೆ ಕೊಟ್ಟಿತು. ಕೊಡಬೇಕು ಅಂದರೆ ಕೊಡಲು ಬರುತ್ತದೆ ಅನ್ನೋದೂ ಆಗ ಗೊತ್ತಾಯಿತು.

ಹಾಗಾದರೆ ಎಲ್ಲವನ್ನೂ ಕಂಪನಿಗೇ ಬಿಟ್ಟು ಬಾಗಿಲು ತೆರೆದಿಟ್ಟರೆ ಸರಿಯೇ? 2024ರ ಜುಲೈ 19 ನೆನಪಿರಬೇಕು. ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ತಪ್ಪು ಫೈಲು ಸುಮಾರು 85 ಲಕ್ಷ ವಿಂಡೋಸ್ ಮಷೀನುಗಳನ್ನು ಮಲಗಿಸಿತು. ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದೂ ಭದ್ರತೆಯ ತಂತ್ರಾಂಶವೇ. ಮೊದಲು ಹತ್ತು ಮಷೀನಿಗೆ ಹಾಕಿ ನೋಡುತ್ತೇವೆ, ಆಮೇಲೆ ಉಳಿದವಕ್ಕೆ ಅನ್ನುವ ಅವಕಾಶ ಆ ಬಗೆಯ ಫೈಲಿನ ವಿಷಯದಲ್ಲಿ ಗ್ರಾಹಕರಿಗೆ ಇರಲಿಲ್ಲ. ಕೆಟ್ಟ ಮೇಲೆ ಕೊಟ್ಟರು.

ಫೋನಿನ ಕಡೆ ನಮ್ಮ ದೇಶದಲ್ಲೇ ಒಂದು ಗಟ್ಟಿ ತೀರ್ಪು ಬಂದಿದೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. ಫೋನ್ ಮಾಡುವವರು ಗೂಗಲ್‌ನ ಆ್ಯಪುಗಳನ್ನು ಒಟ್ಟಿಗೇ ಹಾಕಲೇಬೇಕು ಅನ್ನುವ ಕರಾರು ತಪ್ಪು ಅಂದಿತು. 2023ರಲ್ಲಿ ಮೇಲ್ಮನವಿಯಲ್ಲೂ ದಂಡ ಉಳಿಯಿತು. ಹುಡುಕಾಟಕ್ಕೆ ಬೇರೆ ಕಂಪನಿಯನ್ನು ಆರಿಸಿಕೊಳ್ಳುವ ಅವಕಾಶ ನಮ್ಮ ಫೋನುಗಳಿಗೆ ಬಂದದ್ದು ಇದರಿಂದಲೇ.

ಈಗ ವಿಂಡೋಸ್ 10ರ ಸರದಿ. 2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ತೇಪೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚೆಗಿನ ಪ್ರೊಸೆಸರ್ ಬೇಕು. 2016ರಲ್ಲಿ ಕೊಂಡ ಮಷೀನು ಎಷ್ಟೇ ಗಟ್ಟಿ ಇದ್ದರೂ ಆಗುವುದಿಲ್ಲ. ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ತನಕ ತೇಪೆ ಬೇಕಾದರೆ 30 ಡಾಲರ್ ಕೊಡಿ, ಇಲ್ಲವೇ ನಿಮ್ಮ ಸೆಟ್ಟಿಂಗುಗಳನ್ನು ನಮ್ಮ ಖಾತೆಗೆ ಜೋಡಿಸಿ ಅಂದರು. ಯುರೋಪಿನ ಗ್ರಾಹಕ ಸಂಘಟನೆಯವರು ಈ ಷರತ್ತನ್ನು ಪ್ರಶ್ನಿಸಿದರು, ಅಲ್ಲಿಯವರಿಗೆ ಅದನ್ನು ಸಡಿಲಿಸಿ ಉಚಿತವಾಗಿ ಕೊಟ್ಟರು. ಅದೇ ವಿಂಡೋಸ್, ಅದೇ ತೇಪೆ. ಅವರು ಕೇಳಿದರು, ನಾವು ಕೇಳಲಿಲ್ಲ.

ಕೇಳಬೇಕಾದದ್ದು ದೊಡ್ಡದೇನಲ್ಲ. ಭದ್ರತೆಯ ತೇಪೆ ಬೇರೆ ಬರಲಿ, ಕಂಪನಿಗೆ ಬೇಕಾದ ಬದಲಾವಣೆ ಬೇರೆ ಬರಲಿ. ಮೊದಲನೆಯದನ್ನು ಕಣ್ಣುಮುಚ್ಚಿ ಹಾಕಿಕೊಳ್ಳುತ್ತೇವೆ, ಎರಡನೆಯದನ್ನು ನೋಡಿ ಹಾಕಿಕೊಳ್ಳುತ್ತೇವೆ. ಇನ್ನೊಂದು, ತೇಪೆ ಎಲ್ಲಿಯ ತನಕ ಸಿಗುತ್ತದೆ ಅಂತ ಮಾರುವಾಗಲೇ ಹೇಳಲಿ. ಬ್ರಿಟನ್ನಿನಲ್ಲಿ ನೆಟ್ಟಿಗೆ ಸೇರುವ ಮನೆಬಳಕೆಯ ಸಾಮಾನಿಗೆ 2024ರ ಏಪ್ರಿಲಿನಿಂದ ಇದನ್ನು ಹೇಳಲೇಬೇಕು. ಯುರೋಪ್ ಒಕ್ಕೂಟದಲ್ಲಿ 2025ರ ಜೂನಿನಿಂದ, ಒಂದು ಫೋನಿನ ಮಾರಾಟ ನಿಂತ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕು ಅನ್ನುವ ನಿಯಮ ಇದೆ. ಹಾಲಿನ ಪ್ಯಾಕೆಟ್ಟಿನ ಮೇಲೆ ತಾರೀಖು ನೋಡಿ ಕೊಳ್ಳುವ ನಾವು 40,000 ರೂಪಾಯಿಯ ಲ್ಯಾಪ್‌ಟಾಪಿಗೆ ತಾರೀಖು ಕೇಳಿದರೆ ಅದು ಜಾಸ್ತಿಯೇನಲ್ಲ.

ಲಿನಕ್ಸ್ ಹಾಕಿಬಿಡಿ ಅನ್ನುವವರಿದ್ದಾರೆ. ಹಾಕಿದ್ದೇನೆ, ಬರೀ ನೆಟ್ ನೋಡುವವರಿಗೆ ಚೆನ್ನಾಗಿ ನಡೆಯುತ್ತಿದೆ. ಆದರೆ ನುಡಿಯ ಹಳೆಯ ಫಾಂಟಿನಲ್ಲಿ ವರ್ಷಗಟ್ಟಲೆ ಫೈಲು ಕೂಡಿಟ್ಟವರಿಗೆ, ಬೆರಳಚ್ಚಿನ ಸ್ಕ್ಯಾನರ್ ಇಟ್ಟುಕೊಂಡವರಿಗೆ ಅದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಅಲ್ಲ.

ತೀನ್ ಕಂದೀಲ್ ಅಣ್ಣನ ಅಂಗಡಿಯಲ್ಲಿ ಹೀಗೆ ಮಾಡಿದೆವು. ಪ್ರಿಂಟರಿಗೆ ರೀಫಿಲ್‌ನವರಿಂದ ಬೇರೆ ಚಿಪ್ ತರಿಸಿ, ಅದರ ಅಪ್‌ಡೇಟ್ ಬಂದ್ ಮಾಡಿದೆ. ಎರಡು ಹಳೆಯ ಕಂಪ್ಯೂಟರುಗಳಲ್ಲಿ ಒಂದಕ್ಕೆ ನೆಟ್ ವೈರು ತೆಗೆದು ನುಡಿ ಟೈಪಿಂಗಿಗೆ ಮಾತ್ರ ಇಟ್ಟೆವು. ಅರ್ಜಿ ಹಾಕುವ ಕಂಪ್ಯೂಟರಿನ ಅಪ್‌ಡೇಟೂ ಬಂದ್ ಮಾಡು ಅಂತ ಅಣ್ಣ ಪಟ್ಟು ಹಿಡಿದರು. ಆ ಹುಡುಗರ ಆಧಾರ್, ಮಾರ್ಕ್ಸ್ ಕಾರ್ಡು ಎಲ್ಲ ಇದರಲ್ಲೇ ಇದೆಯಲ್ಲ ಅಣ್ಣ ಅಂತ ಅರ್ಧ ಗಂಟೆ ವಾದ ಮಾಡಿ, ಕಾನ್ಫಿಕರ್ ಕಥೆಯನ್ನೂ ಹೇಳಿ, ಕೊನೆಗೆ ಒಪ್ಪಿಸಿ ಒಂದು ವರ್ಷದ ತೇಪೆಗೆ ಸೇರಿಸಿದೆ. ಅಣ್ಣ ಒಂದು ಬಿಳಿ ಚೀಟಿಯ ಮೇಲೆ ಮಾರ್ಕರಿನಿಂದ 13-10-2026 ಅಂತ ಬರೆದು ಸಿಪಿಯು ಡಬ್ಬಿಗೆ ಅಂಟಿಸಿದರು. ಕಟ್ಟೆ ಮೇಲಿದ್ದ ಹುಡುಗರಲ್ಲಿ ಮೊದಲನೆಯವನನ್ನು ಒಳಗೆ ಕರೆದರು.