ಕಿವಿ ಬಿಟ್ಟದ್ದನ್ನು ಮೈಕ್ ಬಿಡಲಿಲ್ಲ

ಕಳೆದ ಡಿಸೆಂಬರ್‌ನಲ್ಲಿ ಅಕ್ಕನ ಮಗ ನನಗೊಂದು ಕೆಲಸ ಹೇಳಿದ. ಮೈಸೂರಿನ ಚಾಮುಂಡಿಪುರಂನಲ್ಲಿರುವ ನಮ್ಮ ಹಳೇ ಮನೆಯ ಹಾಲ್‌ನಲ್ಲಿ ಅವನು ಮೊದಲ ಸಲ ಒಬ್ಬನೇ ಕೂತು ಗಿಟಾರ್ ನುಡಿಸುತ್ತಾನೆ. ಸ್ಪೀಕರ್ ಇಲ್ಲ, ಹಾಡುವವರಿಲ್ಲ, ಬರೀ ಅಕೂಸ್ಟಿಕ್ ಗಿಟಾರ್. ಕೇಳುವುದಕ್ಕೆ ನೆಂಟರು, ಅಕ್ಕಪಕ್ಕದವರು, ಅವನ ಗೆಳೆಯರು ಸೇರಿ ಇಪ್ಪತ್ತು ಜನ. ಅದನ್ನು ನಾನು ರೆಕಾರ್ಡ್ ಮಾಡಿಕೊಡಬೇಕು. ಚಿಕ್ಕಂದಿನಲ್ಲಿ ವೀಣೆ ಕಲಿತಿದ್ದೇನೆ, ಶಬ್ದದ ಭೌತವಿಜ್ಞಾನ ಅಂದರೆ ಪ್ರಾಣ. ಆದರೆ ರೆಕಾರ್ಡಿಂಗ್ ನನಗೂ ಹೊಸತು.

ಮೊದಲು ಫೋನ್‌ನಲ್ಲೇ ಹಿಡಿದೆ. ಅವನು ಕೇಳಿದ. ಮುಖ ಸಣ್ಣದಾಯಿತು. “ಚಿಕ್ಕಮ್ಮ, ಇದು ನನ್ನ ಗಿಟಾರ್ ಥರಾನೇ ಇಲ್ವಲ್ಲ” ಅಂದ.

ಅವನು ಹೇಳಿದ್ದು ಸರಿಯೇ. ಫೋನ್ ತಯಾರಾಗಿರುವುದು ಮಾತಿಗೆ. ಮಾತು ಪದ ಪದಕ್ಕೂ ಏರಿಳಿಯುತ್ತದೆ. ಒಂದೇ ಸಮನೆ ಬರುವ ಸದ್ದನ್ನು ಫೋನ್‌ನ ಸಾಫ್ಟ್‌ವೇರ್ ಫ್ಯಾನ್‌ನದ್ದೋ ಎಂಜಿನ್‌ನದ್ದೋ ಎಂದುಕೊಂಡು ತಗ್ಗಿಸಿಬಿಡುತ್ತದೆ. ಮೀಟಿದ ತಂತಿಯ ಸ್ವರ ನಿಧಾನವಾಗಿ ಕರಗುವಾಗ ಅದೂ ಒಂದೇ ಸಮನಾದ ಸದ್ದೇ ಅಲ್ವಾ? ಅದಕ್ಕೂ ಕತ್ತರಿ ಬಿತ್ತು. ಸಾಲದ್ದಕ್ಕೆ, ಮೆಲ್ಲಗೆ ನುಡಿಸಿದ್ದನ್ನು ಫೋನ್ ತಾನಾಗಿ ಏರಿಸುತ್ತದೆ, ಜೋರಾದದ್ದನ್ನು ಇಳಿಸುತ್ತದೆ. ಅವನು ಜೋಪಾನವಾಗಿ ನುಡಿಸಿದ ಏರಿಳಿತವೆಲ್ಲ ಚಪ್ಪಟೆಯಾಗಿತ್ತು.

ಗೆಳತಿಯೊಬ್ಬಳು ತನ್ನ ಕಂಡೆನ್ಸರ್ ಮೈಕನ್ನೂ ಅದನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಆಡಿಯೋ ಇಂಟರ್‌ಫೇಸನ್ನೂ ಕೊಟ್ಟಳು. ಈ ಮೈಕ್‌ನ ಒಳಗೆ ಲೋಹದ ಲೇಪನವಿರುವ ಒಂದು ಪೊರೆ ಇರುತ್ತದೆ. ದಪ್ಪ ಕೆಲವೇ ಮೈಕ್ರಾನ್. ತಲೆಗೂದಲಿಗಿಂತ ಹತ್ತು ಪಟ್ಟಾದರೂ ತೆಳು. ಅದರ ಹಿಂದೆಯೇ, ತಾಗದ ಹಾಗೆ, ಅಲುಗದ ಲೋಹದ ತಟ್ಟೆ. ಗಾಳಿಯ ಒತ್ತಡಕ್ಕೆ ಪೊರೆ ಅಲುಗಿದರೆ ನಡುವಿನ ಅಂತರ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ವೋಲ್ಟೇಜ್ ಬದಲಾಗುತ್ತದೆ. ಇದಕ್ಕೆ ಬೇಕಾದ 48 ವೋಲ್ಟ್ ಇಂಟರ್‌ಫೇಸ್‌ನಿಂದ ಅದೇ ಕೇಬಲ್‌ನಲ್ಲಿ ಬರುತ್ತದೆ. ಫ್ಯಾಂಟಮ್ ಪವರ್ ಅನ್ನುತ್ತಾರೆ.

ಈಗ ಮೈಕ್ ಎಲ್ಲಿಡಬೇಕು? ಸದ್ದು ಬರುವುದು ತೂತಿನಿಂದ ತಾನೇ ಅಂದುಕೊಂಡು ಗಿಟಾರ್‌ನ ತೂತಿನ ಎದುರಿಗೇ ಇಟ್ಟೆ. ಮಂದ್ರದ ತಂತಿಗಳು ಡಬ್ಬ ಬಡಿದ ಹಾಗೆ ಗುಂಯ್‌ಗುಟ್ಟಿದವು.

ಗಿಟಾರ್ ಸದ್ದು ಮಾಡುವ ಬಗೆ ಚೆನ್ನಾಗಿದೆ. ತಂತಿ ಒಂದೇ ಆದರೆ ಹೆಚ್ಚುಕಮ್ಮಿ ಮೂಕ. ಅಷ್ಟು ಸಣ್ಣ ತಂತಿ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ತಳ್ಳುವ ಶಕ್ತಿ ಅದಕ್ಕಿಲ್ಲ. ಅದರ ನಡುಕ ಬ್ರಿಡ್ಜ್ ಮೂಲಕ ಮೇಲಿನ ಹಲಗೆಗೆ ಇಳಿಯುತ್ತದೆ. ವೀಣೆಯಲ್ಲಿ ಕುದುರೆ ಮಾಡುವ ಕೆಲಸವೇ ಇದು. ಸುಮಾರು 3 ಮಿಲಿಮೀಟರ್ ದಪ್ಪದ ಆ ಹಲಗೆ ಗಾಳಿಯನ್ನು ತಳ್ಳುತ್ತದೆ. ನಾವು ಕೇಳುವುದರಲ್ಲಿ ಬಹುಪಾಲು ಅದರದ್ದೇ. ತೂತಿನ ಕೆಲಸ ಬೇರೆ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದೆ, ನೋಡಿದ್ದೀರಲ್ಲ? ಗಿಟಾರ್ ಹೊಟ್ಟೆಯೊಳಗಿನ ಗಾಳಿಗೂ ಅಂಥದ್ದೊಂದು ಮೆಚ್ಚಿನ ಸ್ವರ ಇದೆ. ಅದು ಸುಮಾರು 100 ಹರ್ಟ್ಜ್, ಅಂದರೆ ಸೆಕೆಂಡಿಗೆ 100 ಸಲದ ನಡುಕ. ಅದರ ಹತ್ತಿರದ ಸ್ವರ ಯಾವುದೇ ಬರಲಿ, ತೂತಿನ ಎದುರು ಉಬ್ಬಿ ನಿಲ್ಲುತ್ತದೆ. ಇನ್ನೊಂದು ಕಾರಣವೂ ಇತ್ತು. ಎದುರಿನಿಂದ ಬರುವುದನ್ನೇ ಜಾಸ್ತಿ ಹಿಡಿಯುವ ಇಂಥ ಮೈಕ್‌ಗಳು ವಾದ್ಯದ ತೀರಾ ಹತ್ತಿರ ಹೋದರೆ ಮಂದ್ರವನ್ನು ತಾವಾಗಿ ಹೆಚ್ಚಿಸುತ್ತವೆ.

ಇವನ ಗಿಟಾರ್‌ನ ಬೆನ್ನು ಬೀಟೆ ಮರದ್ದು. ಮೈಸೂರಿನ ಹೆಸರಾಂತ ಇನ್‌ಲೇ ಚಿತ್ರಗಳಲ್ಲಿ ದಂತದ ಬಣ್ಣದ ಚೂರುಗಳು ಕೂರುತ್ತವಲ್ಲ, ಅದೇ ಮರ. ನಮ್ಮ ಪಶ್ಚಿಮ ಘಟ್ಟದ ಈ ಮರವನ್ನು ಹೊರದೇಶದ ಗಿಟಾರ್ ತಯಾರಕರೂ ಬಳಸುತ್ತಾರೆ. ಆ ಬೆನ್ನಿನ ಮೇಲೆ ಕೈಯಾಡಿಸಿದಾಗ ನನಗೆ ಹೆಮ್ಮೆ ಅನ್ನಿಸಿತು.

ಮೈಕನ್ನು ಹನ್ನೆರಡನೇ ಫ್ರೆಟ್ಟಿನ ಕಡೆಗೆ ತಿರುಗಿಸಿ, ಒಂದಡಿ ದೂರ ಸರಿಸಿದೆ. ಫ್ರೆಟ್ ಅಂದರೆ ವೀಣೆಯ ಮೆಟ್ಟಿಲಿನ ಹಾಗೆ. ಅಲ್ಲಿ ತಂತಿಯ ಹೊಳಪು, ಹಲಗೆಯ ತುಂಬು ದನಿ ಎರಡೂ ಹದವಾಗಿ ಸಿಗುತ್ತವೆ. ಗುಂಯ್‌ಗುಡುವುದು ನಿಂತಿತು. ಎಲ್ಲ ತಂತಿಗಳಲ್ಲೂ ಅಲ್ಲ. ‘ಎ’ ತಂತಿ ಮಾತ್ರ ಇನ್ನೂ ಊದಿಕೊಂಡೇ ಇತ್ತು.

ಅದು ಕೋಣೆಯ ಕೆಲಸ. ನಾವು ಅಭ್ಯಾಸ ಮಾಡುತ್ತಿದ್ದದ್ದು ಅವನ ಹತ್ತಡಿ ಹತ್ತಡಿ ಕೋಣೆಯಲ್ಲಿ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಹತ್ತಡಿ ದೂರದ ಎರಡು ಗೋಡೆಗಳ ನಡುವೆ ಹೋಗಿ ಬರುವ ಲೆಕ್ಕ ಹಾಕಿದರೆ ಕೋಣೆಗೆ ಹಿಡಿಸುವ ಮೊದಲ ಸ್ವರ 56 ಹರ್ಟ್ಜ್, ಎರಡನೆಯದು 112. ‘ಎ’ ತಂತಿ ನುಡಿಯುವುದು 110ರಲ್ಲಿ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಎರಡು ಜೋಡಿ ಗೋಡೆಗಳೂ ಅದೇ ಸ್ವರವನ್ನು ಎತ್ತಿ ಕೊಡುತ್ತಿದ್ದವು. ನಾವು ಕೂತಿದ್ದು ಕೋಣೆಯ ನಟ್ಟನಡುವೆ, 112ರ ಒತ್ತಡ ತುಂಬಾ ಜಾಸ್ತಿ ಇರುವ ಜಾಗದಲ್ಲೇ! ಗೋಡೆಯಿಂದ ಮೂರಡಿಯಷ್ಟು ದೂರಕ್ಕೆ ಕುರ್ಚಿ ಸರಿಸಿದ ಕೂಡಲೇ ‘ಎ’ ತಂತಿಯ ಊತ ಇಳಿಯಿತು. ಒಂದು ಕುರ್ಚಿ ಎಳೆದದ್ದಕ್ಕೆ ಇಷ್ಟು ಫಲ ಸಿಕ್ಕಿದ್ದು ಕಂಡು ನಮಗಿಬ್ಬರಿಗೂ ಖುಷಿಯೋ ಖುಷಿ.

ಆಮೇಲೆ ಉಳಿದದ್ದು ಒಂದು ಒಗಟು. ಆರನೇ ತಂತಿಯ ಮೂರನೇ ಫ್ರೆಟ್‌ನಲ್ಲಿ ಬರುವ ‘ಜಿ’ ಸ್ವರ. ಹೆಡ್‌ಫೋನ್ ಹಾಕಿ ಕೇಳಿದರೆ ಅದು ಕರಗುವ ಕೊನೆಯಲ್ಲಿ ಸಣ್ಣಗೆ ಅಲೆಯುತ್ತಿತ್ತು. ಸೆಕೆಂಡಿಗೆ ಎರಡು ಸಲ, ಗಡಿಯಾರದ ಹಾಗೆ. ಬೇರೆ ಯಾವ ಸ್ವರವೂ ಹೀಗೆ ಅಲೆಯುತ್ತಿರಲಿಲ್ಲ. “ನನ್ನ ಬೆರಳೇ ನಡುಗ್ತಿದೆ” ಅಂದ. ಮತ್ತೆ ಮತ್ತೆ ನುಡಿಸಿದ. ಎರಡು ದಿನ ಅದೇ ಚಿಂತೆ. ಕೋಣೆಯಲ್ಲಿ ಎದುರು ಕೂತು ಕೇಳುವಾಗ ನನಗೆ ಆ ಅಲೆ ಕೇಳಿಸುತ್ತಲೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಕಿವಿಯ ಹಿಂದೆ ಮನಸ್ಸು ಕೂತಿದೆ. ಮದುವೆ ಮನೆಯ ಗಲಾಟೆಯಲ್ಲೂ ಎದುರಿನವರ ಮಾತನ್ನು ಆರಿಸಿಕೊಂಡು ಕೇಳುತ್ತೇವೆ. ಕಾಲಿನ್ ಚೆರ್ರಿ ಎಂಬ ವಿಜ್ಞಾನಿ 1953ರಲ್ಲಿ ಇದನ್ನೇ ಪ್ರಯೋಗಕ್ಕೆ ಒಡ್ಡಿದ. ಎರಡು ಕಿವಿಗೂ ಬೇರೆ ಬೇರೆ ಮಾತು ಕೇಳಿಸಿ, ಒಂದನ್ನು ಮಾತ್ರ ಗಮನಿಸಿ ಎಂದರೆ ಇನ್ನೊಂದು ಕಿವಿಗೆ ಬಿದ್ದದ್ದರ ಬಗ್ಗೆ ಜನ ಹೆಚ್ಚೇನೂ ಹೇಳಲಾರರು. ಬೇಡದ್ದನ್ನು ನಾವು ಅಷ್ಟು ಸಲೀಸಾಗಿ ಬಿಡುತ್ತೇವೆ. ಮೈಕ್‌ಗೆ ಆ ಆಯ್ಕೆ ಇಲ್ಲ. ಪೊರೆಗೆ ತಾಗಿದ್ದೆಲ್ಲ ಒಳಗೆ. (1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಖಾಸಗಿ ರೇಡಿಯೋ ಕೇಂದ್ರ ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನು ಓದಿದವರು ಮೈಕ್ ಕೈಗೆತ್ತಿಕೊಂಡದ್ದು ನನಗೆ ತುಂಬಾ ಹಿಡಿಸಿದ ಸಂಗತಿ.)

ಮಂದ್ರದ ವಿಷಯದಲ್ಲಿ ಕಿವಿಯೇ ಮಂದ ಕೂಡ. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು ಅಳೆದು ತೋರಿಸಿದರು. ಸಾವಿರ ಹರ್ಟ್ಜ್‌ನ ಸಣ್ಣ ಸದ್ದು ಸುಲಭವಾಗಿ ಕೇಳುತ್ತದೆ. 100 ಹರ್ಟ್ಜ್‌ನ ಸದ್ದು ಕೇಳಬೇಕಾದರೆ ಅದಕ್ಕಿಂತ ಎಷ್ಟೋ ಜೋರಾಗಿರಬೇಕು. ನಮ್ಮ ಮನೆಗಳಲ್ಲಿ ಅಂಥ 100ರ ಗುನುಗು ಯಾವಾಗಲೂ ಇರುತ್ತದೆ. ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಟ್ಯೂಬ್‌ಲೈಟಿನ ಚೋಕ್‌ನಲ್ಲಿರುವ ಕಬ್ಬಿಣವನ್ನು ಅದು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಳೆಯುತ್ತದೆ. ಹಾಗಾಗಿ ಗುನುಗು 50ರದ್ದಲ್ಲ, 100ರದ್ದು. ಟ್ಯೂಬ್‌ಲೈಟ್ ಆರಿಸಿದೆ. ಫ್ರಿಡ್ಜ್ ಆರಿಸಿದೆ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿದೆ. ರೆಕಾರ್ಡಿಂಗ್ ಎಷ್ಟೋ ಶುಭ್ರವಾಯಿತು. ‘ಜಿ’ ಸ್ವರದ ಅಲೆ ಸಣ್ಣದಾಯಿತು, ಹೋಗಲಿಲ್ಲ.

ಕಛೇರಿಯ ದಿನ ಹತ್ತಿರ ಬಂತು. ಹಾಲ್‌ನಲ್ಲಿ ರೆಡ್ ಆಕ್ಸೈಡ್ ನೆಲ, ಗಾರೆ ಗೋಡೆ, ಹನ್ನೊಂದಡಿ ಎತ್ತರದ ಸೂರು. ಚಪ್ಪಾಳೆ ತಟ್ಟಿದರೆ ಸದ್ದು ಸುಮಾರು ಎರಡು ಸೆಕೆಂಡು ಸುತ್ತುತ್ತಿತ್ತು. ಹೀಗಾದರೆ ಸ್ವರಗಳೆಲ್ಲ ಕಲಸಿಹೋಗುತ್ತವೆ ಎಂದು ಅವನಿಗೆ ದಿಗಿಲು. ಜನ ಬರಲಿ, ಸರಿಹೋಗುತ್ತೆ ಕಣೋ ಎಂದೆ. ಧೈರ್ಯ ಕೊಟ್ಟದ್ದು ವ್ಯಾಲೇಸ್ ಸಬಿನ್. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಉಪನ್ಯಾಸದ ಕೋಣೆಯಲ್ಲಿ ಮಾತು ಅರ್ಥವಾಗುತ್ತಿರಲಿಲ್ಲ. ಅದನ್ನು ಸರಿಮಾಡುವ ಹೊಣೆ ಈ ಯುವ ಭೌತವಿಜ್ಞಾನಿಗೆ ಬಂತು. ಆತ ಹತ್ತಿರದ ರಂಗಮಂದಿರದ ಕುರ್ಚಿ ದಿಂಬುಗಳನ್ನು ರಾತ್ರಿ ಹೊತ್ತು ಹೊರಿಸಿಕೊಂಡು ಬಂದು ಕೋಣೆಯಲ್ಲಿ ಹರಡಿದ. ಆರ್ಗನ್‌ನ ಒಂದು ಕೊಳವೆ ನುಡಿಸಿ ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆ ಎಂದು ಅಳೆದ. ಬೆಳಗಾಗುವಷ್ಟರಲ್ಲಿ ದಿಂಬುಗಳನ್ನು ವಾಪಸ್ ಇಡಬೇಕು. ಎಷ್ಟೋ ರಾತ್ರಿ ಹೀಗೇ ದುಡಿದ. ಕೊನೆಗೆ ಸಿಕ್ಕ ಸೂತ್ರ ಸುಲಭದ್ದು: ಕೋಣೆಯ ಗಾತ್ರವನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿ ಸದ್ದು ಹೀರುವ ಒಟ್ಟು ಜಾಗದಿಂದ ಭಾಗಿಸಿ. ಸದ್ದು ಅಡಗುವ ಹೊತ್ತು ಸೆಕೆಂಡಿನಲ್ಲಿ ಬರುತ್ತದೆ.

ನಮ್ಮ ಹಾಲ್ ಸುಮಾರು 75 ಘನ ಮೀಟರ್. ಗೋಡೆ ನೆಲ ಎಲ್ಲ ಸೇರಿ ಹೀರುವುದು 6 ಚದರ ಮೀಟರಿನಷ್ಟು ಎಂದಿಟ್ಟರೆ ಎರಡು ಸೆಕೆಂಡು. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಅರ್ಧ ಚದರ ಮೀಟರಿಗೆ ತುಸು ಕಮ್ಮಿ ಹೀರುತ್ತಾನೆ. ಇಪ್ಪತ್ತು ಜನ ಕೂತರೆ 9 ಸೇರಿ 15 ಆಯಿತು. ಉತ್ತರ 0.8 ಸೆಕೆಂಡು. ಗಿಟಾರ್‌ಗೆ ಹೇಳಿ ಮಾಡಿಸಿದ ಹಾಗೆ! ಡಿಸೆಂಬರ್ ಚಳಿಗೆ ಶಾಲು, ಸ್ವೆಟರ್ ಹಾಕಿ ಬರುವವರೇ ಜಾಸ್ತಿ ಎಂಬುದೂ ನನ್ನ ಲೆಕ್ಕದಲ್ಲಿತ್ತು.

ಗೇನ್, ಅಂದರೆ ಮೈಕ್‌ನಿಂದ ಬಂದದ್ದನ್ನು ಇಂಟರ್‌ಫೇಸ್ ಎಷ್ಟು ಏರಿಸಬೇಕು ಅನ್ನುವ ವಿಷಯಕ್ಕೆ ಮಾತ್ರ ನಾನು ಹಟ ಹಿಡಿದೆ. ಅವನು ಅತಿ ಜೋರಾಗಿ ಬಾರಿಸುವ ಭಾಗವನ್ನೇ ಬಾರಿಸಲು ಹೇಳಿ, ಸದ್ದಿನ ಮಟ್ಟ ತೋರಿಸುವ ಮೀಟರ್‌ನ ತುದಿಗಿಂತ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಇಟ್ಟೆ. ಅಂದರೆ ನಾಲ್ಕು ಪಟ್ಟು ಜಾಗ ಖಾಲಿ. ಹಾಲು ಕಾಯಿಸುವ ಪಾತ್ರೆಯಲ್ಲಿ ಬಿಡುತ್ತೇವಲ್ಲ, ಹಾಗೆ. ಡಿಜಿಟಲ್‌ನಲ್ಲಿ ತುದಿ ಮೀರಿದ ಅಲೆಯ ತಲೆ ಕತ್ತರಿಸಿ ಹೋಗುತ್ತದೆ, ಕರ್ಕಶ ಸದ್ದು ಹುಟ್ಟುತ್ತದೆ, ಆಮೇಲೆ ಏನು ಮಾಡಿದರೂ ಆ ತಲೆ ಪೂರ್ತಿ ವಾಪಸ್ ಬರುವುದಿಲ್ಲ. ಎದುರಿಗೆ ಜನ ಕೂತಾಗ ಕೈ ತಾನಾಗಿ ಬಿರುಸಾಗುತ್ತದೆ, ಕಛೇರಿ ಮಾಡಿದವರಿಗೆಲ್ಲ ಇದು ಗೊತ್ತು. ಖಾಲಿ ಬಿಟ್ಟದ್ದರಿಂದ ನಷ್ಟವೂ ಇಲ್ಲ. 24 ಬಿಟ್ ರೆಕಾರ್ಡಿಂಗ್‌ನಲ್ಲಿ ಒಂದು ಕ್ಷಣದ ಸದ್ದನ್ನು ಸುಮಾರು 1.68 ಕೋಟಿ ಮೆಟ್ಟಿಲುಗಳಲ್ಲಿ ಅಳೆಯಬಹುದು. ಅದರ ಕಾಲುಭಾಗವೇ ಬೇಕಾದಷ್ಟಾಯಿತು.

ಸಂಜೆ ಏಳೂವರೆಗೆ ಜನ ಬಂದು ಕೂತರು. ಕಿಟಕಿ ಮುಚ್ಚಿದೆವು. ಹಾಲ್ ಬೆಚ್ಚಗಾದ ಹಾಗೆ ಉಕ್ಕಿನ ತಂತಿಗಳು ಸಡಿಲಾಗಿ ಶ್ರುತಿ ಇಳಿಯಿತು. ಅವನು ತಾಳ್ಮೆಯಿಂದ ಮತ್ತೆ ಶ್ರುತಿ ಮಾಡಿಕೊಂಡು ಶುರು ಮಾಡಿದ. ನಾನು ಹೆಡ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ. ಲೆಕ್ಕ ಸುಳ್ಳಾಗಲಿಲ್ಲ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ, ಸುತ್ತ ತುಸು ಹಾಲ್‌ನ ಬೆಚ್ಚನೆಯ ದನಿ ಹೊದ್ದುಕೊಂಡು ಬಂತು.

ಮೂರನೇ ನುಡಿಕೆಯ ನಡುವೆ ಕರೆಂಟ್ ಹೋಯಿತು.

ಕತ್ತಲು. ಯಾರೂ ಉಸಿರೆತ್ತಲಿಲ್ಲ. ಅವನು ನಿಲ್ಲಿಸಲೂ ಇಲ್ಲ. ಇಂಟರ್‌ಫೇಸ್ ಲ್ಯಾಪ್‌ಟಾಪ್‌ನ ಬ್ಯಾಟರಿಯಲ್ಲೇ ಓಡುತ್ತಿದ್ದರಿಂದ ರೆಕಾರ್ಡಿಂಗ್ ನಡೆದೇ ಇತ್ತು. ಒಂದಿಬ್ಬರು ಫೋನ್‌ನ ಟಾರ್ಚ್ ಹಚ್ಚಿ ನೆಲಕ್ಕೆ ಹಿಡಿದರು. ನನ್ನ ಹೆಡ್‌ಫೋನ್‌ನಲ್ಲಿ ಮಾತ್ರ ಏನೋ ಬದಲಾಗಿತ್ತು. ಹೇಳಬೇಕಂದರೆ, ನೆಲದಡಿಯಿಂದ ಒಂದು ತೆಳು ಕಂಬಳಿ ಎಳೆದ ಹಾಗೆ. ಆಮೇಲೆ ‘ಜಿ’ ಬಂತು. ಕೊನೆಯವರೆಗೂ ನೇರವಾಗಿ, ಅಲೆಯದೆ ಕರಗಿತು.

ಮಾರನೇ ಬೆಳಿಗ್ಗೆ ಇಬ್ಬರೂ ರೆಕಾರ್ಡಿಂಗನ್ನು ಪರದೆಯ ಮೇಲೆ ಚಿತ್ರವಾಗಿ ಬಿಡಿಸಿ ನೋಡಿದೆವು. ಎಡದಿಂದ ಬಲಕ್ಕೆ ಸಮಯ, ಕೆಳಗಿನಿಂದ ಮೇಲಕ್ಕೆ ಹರ್ಟ್ಜ್. 100ರ ಎತ್ತರದಲ್ಲಿ ಒಂದು ಸಣ್ಣ ಗೆರೆ ಶುರುವಿನಿಂದಲೂ ಇತ್ತು. ಕರೆಂಟ್ ಹೋದ ಕ್ಷಣಕ್ಕೆ ಸರಿಯಾಗಿ ಅದು ತುಂಡಾಗಿತ್ತು. ನಮ್ಮ ಬೀದಿಯ ಮೂಲೆಯ ಟ್ರಾನ್ಸ್‌ಫಾರ್ಮರ್‌ನ ಗುನುಗು! ಮುಚ್ಚಿದ ಕಿಟಕಿ ದಾಟಿ ಬರುತ್ತಿತ್ತು. ‘ಜಿ’ ನುಡಿಯುವುದು 98 ಹರ್ಟ್ಜ್‌ನಲ್ಲಿ. ತಂಬೂರಿಯ ಎರಡು ತಂತಿ ಇನ್ನೂ ಪೂರ್ತಿ ಸೇರದಿದ್ದಾಗ ಅಲೆ ಅಲೆಯಾಗಿ ಕೇಳುತ್ತದಲ್ಲ, ಇದೂ ಅದೇ. 98 ಮತ್ತು 100 ಜೊತೆಗೂಡಿದರೆ ಸೆಕೆಂಡಿಗೆ ಎರಡು ಅಲೆ. ಸ್ವರ ಜೋರಾಗಿರುವಾಗ ಗುನುಗು ಅದರಡಿ ಮುಚ್ಚಿಹೋಗುತ್ತದೆ. ಕರಗಿ ಕರಗಿ ಗುನುಗಿನಷ್ಟೇ ಸಣ್ಣಗಾದಾಗ ಎರಡೂ ಸಮ ಸಮ ನಿಂತು ಅಲೆಯತೊಡಗುತ್ತವೆ.

ಅವನು ತನ್ನ ಬೆರಳನ್ನು ಒಮ್ಮೆ ನೋಡಿಕೊಂಡ. ಗಿಟಾರ್ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ, ಆರನೇ ತಂತಿಯ ಮೂರನೇ ಫ್ರೆಟ್ ಒತ್ತಿ ಮೀಟಿದ. ಇಬ್ಬರೂ ಉಸಿರು ಬಿಗಿಹಿಡಿದು ಕಿವಿ ಕೊಟ್ಟೆವು. ಸ್ವರದ ತೀರಾ ಕೊನೆಯಲ್ಲಿ, ಈ ಸಲ ಹೆಡ್‌ಫೋನ್ ಇಲ್ಲದೆಯೇ, ನನಗೂ ಆ ಅಲೆ ಕೇಳಿಸಿತು.