ಪಾಲಿನ ಕಂಟೇನರು: ಬಾಗಿಲು ಎಷ್ಟು ಸಲ ತೆರೆಯುತ್ತದೆ?

ನಮ್ಮ ಕಾಸರಗೋಡಿನಲ್ಲಿ ಕಡಲಾಚೆಯ ಸಾಮಾನು ಎಂದರೆ ಕಿಲೋ ಲೆಕ್ಕ. ದುಬೈ, ದೋಹಾ, ಮಸ್ಕತ್‌ಗಳಿಂದ ಡೋರ್ ಟು ಡೋರ್ ಕಾರ್ಗೋದಲ್ಲಿ ಬರುವ ಪೆಟ್ಟಿಗೆಗಳನ್ನು ನೋಡುತ್ತಲೇ ಬೆಳೆದವರು ನಾವು. ಕಂಬಳಿ, ಹಾಲಿನ ಪುಡಿ, ಸಾಬೂನು, ಮಕ್ಕಳ ಸೈಕಲ್ ಎಲ್ಲವನ್ನೂ ಒಟ್ಟಿಗೆ ತೂಗಿ, ಕಿಲೋಗೆ ಇಷ್ಟು ದಿರ್ಹಮ್ ಎಂದು ಕೊಟ್ಟರೆ ಮುಗಿಯಿತು. ಮಗಳೂ ಅಳಿಯನೂ ಆಸ್ಟ್ರೇಲಿಯಾಕ್ಕೆ ಹೊರಟಾಗಲೂ ಫೋನಿನಲ್ಲಿ ಬರುವ ಮೊದಲ ಪ್ರಶ್ನೆ ಅದೇ: "ಮೆಲ್ಬರ್ನಿಗೆ ಕಿಲೋಗೆ ಎಷ್ಟಾಗುತ್ತದೆ?"

ಇಪ್ಪತ್ತೆರಡು ವರ್ಷಗಳಿಂದ ಸರಕು ಸಾಗಣೆಯ ಕಾಗದಪತ್ರ ನೋಡಿಕೊಳ್ಳುವ ನಾನು ಈ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಹಲವರ ಸಾಮಾನು ಒಂದೇ ಕಂಟೇನರನ್ನು ಹಂಚಿಕೊಂಡು ಹಡಗಿನಲ್ಲಿ ಹೋಗುವುದಕ್ಕೆ ಪಾಲಿನ ಕಂಟೇನರು ಎನ್ನುತ್ತೇವೆ, ಅದರ ಲೆಕ್ಕ ಬೇರೆ. "ನಾಳೆ ಟೇಪು ಹಿಡಿದುಕೊಂಡು ಬರುತ್ತೇನೆ, ಯಾವುದನ್ನೂ ಕಟ್ಟಬೇಡಿ" ಎನ್ನುತ್ತೇನೆ.

ಕಳೆದ ವರ್ಷ ಹಾಗೆ ಹೋದದ್ದು ಬದಿಯಡ್ಕದ ಹತ್ತಿರದ ಒಂದು ಮನೆಗೆ. ಹೊರಟವರು ಮಗಳು, ಅಳಿಯ, ಒಂದು ಮಗು. ಯಜಮಾನರು ನಿವೃತ್ತ ಕನ್ನಡ ಮೇಷ್ಟ್ರು. ಚಾವಡಿಯ ಒಂದು ಬದಿಯಲ್ಲಿ ಬೂರುಗದ ಹತ್ತಿಯ ಹಾಸಿಗೆ, ಇನ್ನೊಂದು ಬದಿಯಲ್ಲಿ ಪುಸ್ತಕದ ಹನ್ನೆರಡು ರಟ್ಟಿನ ಪೆಟ್ಟಿಗೆಗಳು. "ಹಾಸಿಗೆ ಹೋಗಲಿ, ಹಗುರ. ಪುಸ್ತಕ ಮಾತ್ರ ದುಬಾರಿಯಾದೀತು" ಎಂದರು ಮೇಷ್ಟ್ರು. ಅಳೆದೆ. ಹಾಸಿಗೆ 190 ಸೆಂಟಿಮೀಟರ್ ಉದ್ದ, 150 ಅಗಲ, 15 ದಪ್ಪ: 0.43 ಘನ ಮೀಟರ್. ಪುಸ್ತಕದ ಪೆಟ್ಟಿಗೆ ಒಂದೊಂದೂ 40, 30, 30: ಹನ್ನೆರಡೂ ಸೇರಿ ಅದೇ 0.43. ಪುಸ್ತಕ ತೂಗಿದರೆ ಸುಮಾರು 300 ಕಿಲೋ. ಬಾಡಿಗೆ ಎರಡಕ್ಕೂ ಒಂದೇ. ಮೇಷ್ಟ್ರು ನನ್ನನ್ನು ಸ್ವಲ್ಪ ಅನುಮಾನದಿಂದಲೇ ನೋಡಿದರು.

ಪಾಲಿನ ಕಂಟೇನರಿನಲ್ಲಿ ನೀವು ಕೊಳ್ಳುವುದು ಜಾಗ. ಒಂದು ಘನ ಮೀಟರ್, ಅಂದರೆ ನಮ್ಮ ಕಸುಬಿನ ಮಾತಿನಲ್ಲಿ ಒಂದು ಸಿಬಿಎಂ, ಇಲ್ಲವೇ ಒಂದು ಟನ್. ಯಾವುದು ಹೆಚ್ಚಾಗುತ್ತದೋ ಅದಕ್ಕೆ ದರ. ಮನೆ ಸಾಮಾನಿನಲ್ಲಿ ಟನ್ನಿನ ಲೆಕ್ಕ ಮುಂದೆ ಬರುವುದು ಅಪರೂಪ. ಒಂದು ಸಿಬಿಎಂಗಿಂತ ಕಡಿಮೆ ಇದ್ದರೂ ಒಂದರ ದರವನ್ನೇ ತೆರಬೇಕಾಗುತ್ತದೆ. ಇಪ್ಪತ್ತು ಅಡಿಯ ಕಂಟೇನರಿನ ಒಳಗೆ ಸುಮಾರು 33 ಸಿಬಿಎಂ ಜಾಗ ಇರುತ್ತದೆ ಎನ್ನುವುದು ಕಾಗದದ ಮಾತು. ಕುರ್ಚಿಯ ಕಾಲು, ಮೇಜಿನ ಮೂಲೆಗಳ ನಡುವೆ ಉಳಿಯುವ ಗಾಳಿಯನ್ನು ಕಳೆದರೆ 28 ತುಂಬಿದರೆ ಪುಣ್ಯ. ನನ್ನ ಅನುಭವದಲ್ಲಿ ಸಾಮಾನು 13ರಿಂದ 15 ಸಿಬಿಎಂ ಮುಟ್ಟಿತೆಂದರೆ ಪಾಲಿನ ಆಸೆ ಬಿಟ್ಟು ಇಡೀ ಕಂಟೇನರಿನ ದರ ಕೇಳುವುದು ಒಳ್ಳೆಯದು. ಅರ್ಧ ಖಾಲಿ ಹೋದರೂ ನಷ್ಟವಿಲ್ಲ, ಬಾಗಿಲಿನ ಸೀಲು ನಿಮ್ಮೊಬ್ಬರದೇ ಆಗಿರುತ್ತದೆ.

ಸೀಲಿನ ಮಾತು ಬಂದದ್ದು ಸುಮ್ಮನಲ್ಲ. ದರಪಟ್ಟಿ ಕೊಡುವವನನ್ನು ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಸಾಮಾನು ಮನೆ ಬಿಟ್ಟು ಮನೆ ಸೇರುವುದರೊಳಗೆ ಅದನ್ನು ಎಷ್ಟು ಸಲ ಇಳಿಸಿ ಏರಿಸುತ್ತೀರಿ? ಸಾಗಣೆಯವನು ಇದಕ್ಕೆ ತಟ್ಟನೆ ಉತ್ತರ ಕೊಡದಿದ್ದರೆ ಅವನ ದರ ಎಷ್ಟೇ ಕಡಿಮೆ ಇರಲಿ, ಎರಡನೆಯವನನ್ನು ವಿಚಾರಿಸಿ.

ಪಾಲಿನಲ್ಲಿ ಎರಡು ಬಗೆ ಇದೆ, ದರಪಟ್ಟಿ ಮಾತ್ರ ಒಂದೇ ಥರ ಕಾಣುತ್ತದೆ. ಒಂದು, ಮನೆ ಸಾಗಣೆಯವರೇ ಐದಾರು ಕುಟುಂಬಗಳ ಸಾಮಾನು ಸೇರಿಸಿ ಒಂದೇ ಊರಿಗೆ ಕಳಿಸುವುದು. ಕಂಟೇನರು ತುಂಬುವ ತನಕ ಕಾಯಬೇಕು; ಆದರೆ ತುಂಬಿದ ಮೇಲೆ ಬಾಗಿಲು ತೆರೆಯುವುದು ಆ ಊರಿನಲ್ಲೇ. ಇನ್ನೊಂದು, ವ್ಯಾಪಾರದ ಸರಕಿನ ಜೊತೆ ಹೋಗುವುದು. ಇದು ಹೆಚ್ಚು ಕಾಯಿಸದೆ ಹೊರಡುತ್ತದೆ, ದರವೂ ಕಡಿಮೆ. ಆದರೆ ನಿಮ್ಮ ಹಾಸಿಗೆಯ ಪಕ್ಕದಲ್ಲಿ ರಬ್ಬರ್ ಚಾಪೆಯೋ ಮಸಾಲೆಯ ಮೂಟೆಯೋ ಕೂತಿರುತ್ತದೆ. ಕೊಲಂಬೊ ಅಥವಾ ಸಿಂಗಾಪುರದ ಗೋದಾಮಿನಲ್ಲಿ ಎಲ್ಲವನ್ನೂ ಇಳಿಸಿ ಬೇರೆ ಕಂಟೇನರಿಗೆ ತುಂಬುವುದೂ ಉಂಟು. ಇಲ್ಲಿಂದ ಲಾರಿ, ಕೊಚ್ಚಿಯ ಗೋದಾಮು, ಕಂಟೇನರು, ಕೊಲಂಬೊ ಗೋದಾಮು, ಮತ್ತೊಂದು ಕಂಟೇನರು, ಮೆಲ್ಬರ್ನಿನ ಗೋದಾಮು, ಕೊನೆಗೆ ವ್ಯಾನು: ನಾಲ್ಕು ಸಲ ಏರಿಸಿ ನಾಲ್ಕು ಸಲ ಇಳಿಸಿದಂತಾಯಿತು. ಮದುವೆ ದಿಬ್ಬಣಕ್ಕಾದರೂ ಇಷ್ಟು ಬಸ್ಸು ಬದಲಾಯಿಸುವುದಿಲ್ಲ.

ನವಮಂಗಳೂರು ಬಂದರು ಇರುವ ಪಣಂಬೂರು ಕಾಸರಗೋಡಿಗೆ ಹತ್ತಿರ ಇರುವಾಗ ಮುನ್ನೂರು ಕಿಲೋಮೀಟರಿಗೂ ದೂರದ ಕೊಚ್ಚಿಗೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ನವಮಂಗಳೂರಿನಿಂದ ಕಾಫಿ, ಗೇರುಬೀಜದ ಕಂಟೇನರುಗಳು ಹೋಗುತ್ತವೆ ನಿಜ. ಆದರೆ ಮನೆ ಸಾಮಾನಿಗೆ ಜೊತೆ ಸಿಗಬೇಕಲ್ಲ! ನನಗೆ ಪಾಲು ಸಿಕ್ಕಿರುವುದು ಹೆಚ್ಚಾಗಿ ಕೊಚ್ಚಿ, ಚೆನ್ನೈ, ಮುಂಬಯಿಗಳಲ್ಲೇ.

ಜೊತೆ ಎಂದರೆ ಜೊತೆಯವರ ಪಾಪದಲ್ಲೂ ಪಾಲು. ಕೆಲವು ವರ್ಷಗಳ ಹಿಂದೆ ನಾನು ಪೆರ್ಲದ ಕಡೆಯ ಒಂದು ಕುಟುಂಬದ ನಾಲ್ಕು ಸಿಬಿಎಂ ಸಾಮಾನನ್ನು ಅಮೆರಿಕಕ್ಕೆ ಪಾಲಿನಲ್ಲಿ ಕಳಿಸಿದ್ದೆ. ನಮ್ಮ ಪಟ್ಟಿಯಲ್ಲಿ ಒಂದು ಚಮಚವೂ ಹೆಚ್ಚು ಕಡಿಮೆ ಇರಲಿಲ್ಲ. ಆದರೆ ಅದೇ ಕಂಟೇನರಿನಲ್ಲಿದ್ದ ಬೇರೆ ಯಾರದೋ ಸರಕಿನ ಮೇಲೆ ಅಲ್ಲಿನ ಕಸ್ಟಮ್ಸ್‌ನವರಿಗೆ ಅನುಮಾನ ಬಂತು. ಇಡೀ ಕಂಟೇನರನ್ನು ಎಕ್ಸ್‌ರೇಗೆ ಒಯ್ದರು, ಆಮೇಲೆ ಬಿಚ್ಚಿ ಹರಡಿದರು. ನಾಲ್ಕು ವಾರ ಹೋಯಿತು. ತಪಾಸಣೆಯ ಖರ್ಚು, ಗೋದಾಮಿನ ಬಾಡಿಗೆ ಎಲ್ಲವನ್ನೂ ಸಿಬಿಎಂ ಲೆಕ್ಕದಲ್ಲಿ ಎಲ್ಲರ ಮೇಲೂ ಹಂಚಿದರು. "ನಾವೇನು ಮಾಡಿದ್ದೇವೆ?" ಎಂದು ಆ ಮನೆಯ ಅಮ್ಮ ನನ್ನನ್ನು ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಹೀಗಾಗಬಹುದು ಎಂದು ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಅಂದಿನಿಂದ ಇದನ್ನು ಕಾಗದದ ಮೇಲೆ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ.

ಇನ್ನು ಬಿಲ್ಲಿನ ಎರಡನೆಯ ಅರ್ಧ. ಇಲ್ಲಿ ಹೇಳುವ ದರ ಬಹಳ ಸಲ ಅಲ್ಲಿನ ಬಂದರಿನ ತನಕ ಮಾತ್ರ. ಬಂದರಿನ ಶುಲ್ಕ, ಗೋದಾಮಿನಲ್ಲಿ ಇಳಿಸಿದ್ದಕ್ಕೆ ಶುಲ್ಕ, ಡೆಲಿವರಿ ಆರ್ಡರ್ ಎಂಬ ಒಂದು ಚೀಟಿಗೆ ಶುಲ್ಕ, ತಪಾಸಣೆಗೆ, ಮನೆಗೆ ತಲುಪಿಸುವುದಕ್ಕೆ ಬೇರೆ ಬೇರೆ. ಹಡಗಿನ ಬಾಡಿಗೆಯನ್ನು ಪುಕ್ಕಟೆ ಎನ್ನುವಷ್ಟು ಇಳಿಸಿ ಹೇಳುವವರಿದ್ದಾರೆ. ಆ ಹಣ ಅಲ್ಲಿ ಡಾಲರಿನಲ್ಲಿ ವಸೂಲಾಗುತ್ತದೆ. ಆಗ ಸಾಮಾನು ಅವರ ಗೋದಾಮಿನಲ್ಲಿ, ನೀವು ಹೊಸ ದೇಶದಲ್ಲಿ. ಚೌಕಾಸಿಗೆ ಜಾಗವೇ ಇಲ್ಲ. ಅಲ್ಲಿನ ಏಜೆಂಟನ ಹೆಸರು, ಅವನ ಶುಲ್ಕದ ಪಟ್ಟಿ ಇಲ್ಲಿಂದ ಲಾರಿ ಹೊರಡುವ ಮೊದಲೇ ನಿಮ್ಮ ಕೈಯಲ್ಲಿರಬೇಕು.

ಬದಿಯಡ್ಕದ ಚಾವಡಿಗೆ ಮರಳುತ್ತೇನೆ. ಆ ಮನೆಯ ಅಮ್ಮ ಉಪ್ಪಿನಕಾಯಿಯ ಖಾಲಿ ಭರಣಿಗಳನ್ನು ಬೈಹುಲ್ಲಿನಲ್ಲಿ ಸುತ್ತಿ, ಪೇಟೆಯಿಂದ ತರಿಸಿದ ಆಪಲ್ ಪೆಟ್ಟಿಗೆಯಲ್ಲಿಟ್ಟಿದ್ದರು. ಎಷ್ಟು ನಾಜೂಕಾದ ಕೆಲಸ! ಆದರೆ ಆಸ್ಟ್ರೇಲಿಯಾದ ಜೈವಿಕ ಸುರಕ್ಷೆಯವರಿಗೆ ಹುಲ್ಲು ಎಂದರೆ ಬೀಜ, ಹಣ್ಣಿನ ಪೆಟ್ಟಿಗೆ ಎಂದರೆ ಕೀಟ. ಬೂರುಗದ ಹತ್ತಿಯಲ್ಲೂ ಬೀಜ ಇರುತ್ತದೆ, ಹಾಸಿಗೆ ಅಲ್ಲಿಗೇ ನಿಂತಿತು. ಮಾಂಬಳ, ಒಣಗಿಸಿದ ಪುನರ್ಪುಳಿ, ಹಿಡಿಸೂಡಿ, ಅಡಕೆ ಹಾಳೆಯ ಬೀಸಣಿಗೆ ಒಂದೊಂದಾಗಿ ಹೊರಗೆ ಬಂದವು. ಅಡುಗೆಮನೆಯ ಹೆರೆಮಣೆಯನ್ನು ಮಾತ್ರ ತೊಳೆದು ಒಣಗಿಸಿ, ಪಟ್ಟಿಯಲ್ಲಿ ಹೆಸರು ಬರೆದು ಕಳಿಸೋಣ ಎಂದೆ. ಅಡಗಿಸಿಟ್ಟರೆ ತೊಂದರೆ, ತೋರಿಸಿದರೆ ಬಹಳವೆಂದರೆ ತಪಾಸಣೆ.

ಊರಿನ ಆಚಾರಿಯಿಂದ ಮಾವಿನ ಹಲಗೆಯ ಪೆಟ್ಟಿಗೆ ಮಾಡಿಸಿದರೆ ಗಟ್ಟಿಯಲ್ಲವೇ ಎಂದು ಅಳಿಯ ಕೇಳಿದರು. ಗಟ್ಟಿ, ಆದರೆ ಕಳಿಸುವಂತಿಲ್ಲ. ಹಸಿ ಹಲಗೆಯ ಪ್ಯಾಕಿಂಗಿಗೆ ಅಂತರರಾಷ್ಟ್ರೀಯ ನಿಯಮವಿದೆ: ಮರದ ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ ಸತತ 30 ನಿಮಿಷ ತಾಗಿರಬೇಕು, ಇಲ್ಲವೇ ಒಪ್ಪಿತವಾದ ಬೇರೆ ಉಪಚಾರ ಆಗಿರಬೇಕು. ಆಗಿದೆ ಎನ್ನುವುದಕ್ಕೆ ತೆನೆಯ ಚಿತ್ರದ ಮುದ್ರೆ ಬೇಕು. ಪ್ಲೈವುಡ್ಡಿಗೆ ಈ ಕಾಟ ಇಲ್ಲ.

ಅಲ್ಲಿನ ಕಾನೂನಿನ ಮೊದಲು ನಮ್ಮದೇ ಕಾನೂನು ತಡೆಯುವ ವಸ್ತುಗಳೂ ಆ ಮನೆಯಲ್ಲಿದ್ದವು. ಅಟ್ಟದಿಂದ ಇಳಿಸಿದ ತಾಳೆಗರಿಯ ಕಟ್ಟು ಒಂದು. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಕಲಾವಸ್ತು, 75 ವರ್ಷ ಮೀರಿದ ಬೆಲೆಯುಳ್ಳ ಹಸ್ತಪ್ರತಿ ದೇಶ ಬಿಟ್ಟು ಹೋಗುವಂತಿಲ್ಲ. ಕಂಚಿನ ದೀಪ ಹೊಸದೇ ಆಗಿದ್ದರೂ ಹಳೆಯದರಂತೆ ಕಂಡರೆ, ಅದು ಪುರಾವಸ್ತು ಅಲ್ಲ ಎಂದು ಪುರಾತತ್ತ್ವ ಇಲಾಖೆಯಿಂದ ಪ್ರಮಾಣಪತ್ರ ತೆಗೆದುಕೊಳ್ಳುವುದು ಕ್ಷೇಮ. ಇನ್ನೊಂದು, ಬೀಟೆ ಮರದ ತೊಟ್ಟಿಲು. ಬೀಟೆ ಮತ್ತು ಅದರ ಕುಲದ ಹೆಚ್ಚಿನ ಮರಗಳು 2017ರಿಂದ, ಅಳಿವಿನ ಭಯವಿರುವ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ದೊಡ್ಡ ಪೀಠೋಪಕರಣಕ್ಕೆ ಅನುಮತಿ ಪತ್ರ ಬೇಕು. ಮೂರು ತಲೆಮಾರು ಮಲಗಿದ ತೊಟ್ಟಿಲು ಎಂದು ಮೇಷ್ಟ್ರು ವಾದಿಸಿದರು. ತೊಟ್ಟಿಲಿಗೆ ಅದು ಗೌರವ, ಕಾಗದಕ್ಕೆ ಅಲ್ಲ. ಒಬ್ಬರ ಈ ಥರದ ಒಂದು ವಸ್ತುವಿಗಾಗಿ ಉಳಿದವರ ಸಾಮಾನೂ ಹಡಗು ತಪ್ಪಿಸಿಕೊಳ್ಳಬಹುದು ಎಂದಾಗ ಸುಮ್ಮನಾದರು.

ಹೊರಡುವ ಸಂಭ್ರಮದಲ್ಲಿ ಹೊಸ ಮಿಕ್ಸಿ, ಹೊಸ ಕುಕ್ಕರ್ ಕೊಳ್ಳಬೇಡಿ. ಸುಂಕದ ವಿನಾಯಿತಿ ಇರುವುದು ಬಳಸಿದ ಸಾಮಾನಿಗೆ. ಆಸ್ಟ್ರೇಲಿಯಾ ಮತ್ತು ಅಮೆರಿಕ ಒಂದು ವರ್ಷದ ಬಳಕೆಯನ್ನು ಕೇಳುತ್ತವೆ, ಬ್ರಿಟನ್ ಆರು ತಿಂಗಳದು. ಅಮೆರಿಕಕ್ಕಾದರೆ ನಮ್ಮ ಗ್ರೈಂಡರ್ ಹೇಗೂ ಪ್ರಯೋಜನವಿಲ್ಲ, ಅಲ್ಲಿನ ವಿದ್ಯುತ್ತು 120 ವೋಲ್ಟ್.

ವಿಮೆಯ ಬಗ್ಗೆ ಮೊದಲೆಲ್ಲ ಗಂಟಲು ಹರಿದುಕೊಳ್ಳಬೇಕಾಗಿತ್ತು. 2025ರ ಮೇ 25ರಂದು ಕೊಚ್ಚಿಯ ಹೊರಗೆ ಎಂಎಸ್‌ಸಿ ಎಲ್ಸಾ 3 ಹಡಗು ಸುಮಾರು 640 ಕಂಟೇನರುಗಳೊಂದಿಗೆ ಮುಳುಗಿದ ಮೇಲೆ ಆ ಶ್ರಮ ತಪ್ಪಿದೆ. ಕೊಲ್ಲಂ, ಆಲಪ್ಪುಳದ ದಡಕ್ಕೆ ಕಂಟೇನರುಗಳು ಬಂದು ಬಿದ್ದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದಾರೆ. ಮರು ತಿಂಗಳೇ ಕಣ್ಣೂರಿನ ಆಚೆ ವಾನ್ ಹೈ 503 ಹೊತ್ತಿ ಉರಿಯಿತು. ಆದರೆ ಜನರಿಗೆ ತಿಳಿಯದ ಒಂದು ಸಂಗತಿ ಇದೆ: ನಿಮ್ಮ ಪೆಟ್ಟಿಗೆಗೆ ಏನೂ ಆಗದಿದ್ದರೂ ಹಣ ಕೊಡಬೇಕಾಗಬಹುದು. ಹಡಗನ್ನೂ ಸರಕನ್ನೂ ಉಳಿಸಲು ಮಾಡಿದ ಅಸಾಧಾರಣ ಖರ್ಚನ್ನು ಹಡಗಿನ ಮಾಲೀಕರು ಮತ್ತು ಸರಕಿನ ಎಲ್ಲ ಮಾಲೀಕರು ಹಂಚಿಕೊಳ್ಳಬೇಕೆನ್ನುವುದು ಸಮುದ್ರದ ಬಹಳ ಹಳೆಯ ಪದ್ಧತಿ. ಜನರಲ್ ಆವರೇಜ್ ಎನ್ನುತ್ತಾರೆ. 2021ರಲ್ಲಿ ಸುಯೆಜ್ ಕಾಲುವೆಯಲ್ಲಿ ಆರು ದಿನ ಸಿಕ್ಕಿಬಿದ್ದ ಎವರ್ ಗಿವನ್‌ನ ಮಾಲೀಕರು ಇದನ್ನೇ ಘೋಷಿಸಿದರು. ಇಂಥ ಸಂದರ್ಭದಲ್ಲಿ ವಿಮೆ ಇದ್ದವರ ಪರವಾಗಿ ವಿಮಾ ಕಂಪನಿ ಖಾತರಿ ಪತ್ರ ಕೊಡುತ್ತದೆ. ಇಲ್ಲದವರು ಕೈಯಿಂದ ಠೇವಣಿ ಕಟ್ಟದೆ ಸಾಮಾನು ಸಿಗುವುದಿಲ್ಲ.

ವಿಮೆಯಲ್ಲೇ ಇನ್ನೊಂದು ಸೂಕ್ಷ್ಮ. ನೀವೇ ಕಟ್ಟಿದ ಪೆಟ್ಟಿಗೆಯೊಳಗೆ ಪಿಂಗಾಣಿ ಒಡೆದರೆ ಹೆಚ್ಚಿನ ಪಾಲಿಸಿಗಳು ಕೊಡುವುದಿಲ್ಲ. ಬಟ್ಟೆ, ಪುಸ್ತಕ ನೀವು ಕಟ್ಟಿ. ಒಡೆಯುವ ವಸ್ತುಗಳನ್ನು ಸಾಗಣೆಯವರಿಂದಲೇ ಕಟ್ಟಿಸಿ. ಸಾಮಾನು ಪಡೆದದ್ದಕ್ಕೆ ಸಾಗಣೆಯವರು ಕೊಡುವ ರಸೀದಿಯಲ್ಲಿ, ಅಂದರೆ ಬಿಲ್ ಆಫ್ ಲೇಡಿಂಗಿನಲ್ಲಿ, "ಮನೆ ಸಾಮಾನು, 1 ಲಾಟು" ಎಂದು ಬರೆಯಲು ಬಿಡಬೇಡಿ, "41 ಪೆಟ್ಟಿಗೆ" ಎಂದೇ ಇರಲಿ. ಒಂದು ಕಳೆದರೆ ಕೇಳಲು ಲೆಕ್ಕ ಬೇಕಲ್ಲ. ಆಟಿ ತಿಂಗಳಿನಲ್ಲಿ ಕಟ್ಟಬೇಡಿ ಎನ್ನುವುದು ನನ್ನ ಸ್ವಂತ ಶಾಸ್ತ್ರ: ನಮ್ಮ ಮಳೆಯ ತೇವ ರಟ್ಟಿನೊಳಗೆ ಕೂತು ಭೂಮಧ್ಯರೇಖೆ ದಾಟುವಾಗ ಬೂಷ್ಟಾಗಿ ಅರಳುತ್ತದೆ.

ಕೊನೆಗೆ ಉಳಿದದ್ದು ಅಳಿಯನ ಮದ್ದಳೆ. ಊರಿನ ಯಕ್ಷಗಾನ ಸಂಘದಲ್ಲಿ ಬಾರಿಸುವವರು, ಅದನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಕಳಸೆಗೆ, ಅಂದರೆ ಹಲಸಿನ ಮರದ ಒಡಲಿಗೆ, ಹುಳು ಹಿಡಿದಿಲ್ಲ ಎಂದು ತೋರಿಸಬಹುದು, ಆದರೆ ಹದ ಮಾಡದ ಚರ್ಮದ ಮುಚ್ಚಿಗೆಗೆ ನಾನು ಧೈರ್ಯ ಹೇಳಲಾರೆ ಎಂದೆ. ಅವರು ಮಾತನಾಡದೆ ಒಳಗೆ ಹೋಗಿ, ಒಂದು ಗಂಟೆ ಕುಳಿತು ಬಾರು ಬಿಚ್ಚಿದರು. ಬರೀ ಕಳಸೆಯನ್ನು 35, 35, 65ರ ಪೆಟ್ಟಿಗೆಗೆ ಇಳಿಸಿದೆವು: 0.08 ಸಿಬಿಎಂ. ಹನ್ನೊಂದು ವಾರಕ್ಕೆ ಮೆಲ್ಬರ್ನ್ ತಲುಪಿತು, ತಪಾಸಣೆಯಲ್ಲಿ ಬೆಳಕು ಹಾಯಿಸಿ ನೋಡಿ ಬಿಟ್ಟರಂತೆ. ಮುಚ್ಚಿಗೆಗಳೆರಡೂ ಮೇಷ್ಟ್ರ ಚಾವಡಿಯ ಗೋಡೆಯಲ್ಲಿ ಒಂದೇ ಮೊಳೆಗೆ ತೂಗುತ್ತಿವೆ.