ಟ್ಯಾಂಕ್ ತುಂಬಿಸಿ ಹೊರಟರೂ ಗಾಡಿ ಯಾಕೆ ಮರಳಿ ಬರುವುದಿಲ್ಲ?

ಓದುಗರ ಪ್ರಶ್ನೆ: "ಸರ್, ನನ್ನ ಊರು ಶಹಾಪುರ, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ರೂಮಿನಲ್ಲಿ ಗೆಳೆಯರೆಲ್ಲ ಸೇರಿ ಪೆಸಿಫಿಕ್ ಡ್ರೈವ್ ಎಂಬ ವಿಡಿಯೋ ಗೇಮ್ ಆಡುತ್ತೇವೆ. ಪ್ರತಿ ಸಲವೂ ಟ್ಯಾಂಕ್ ಭರ್ತಿ ಮಾಡಿಕೊಂಡೇ ಹೊರಡುತ್ತೇವೆ. ಆದರೂ ನಡುದಾರಿಯಲ್ಲಿ ಪೆಟ್ರೋಲ್ ಮುಗಿಯುತ್ತದೆ, ಇಲ್ಲವೇ ಬ್ಯಾಟರಿ ಇಳಿಯುತ್ತದೆ. ಈಗ ಇನ್ನೊಂದು ಕಾಟ ಶುರುವಾಗಿದೆ: ಬಾಗಿಲು ಹಾಕಿದ ಕೂಡಲೇ ಹೆಡ್‌ಲೈಟ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಗೇಮ್ ಕೆಟ್ಟಿದೆಯೋ, ನಾವು ಆಡುವುದೇ ತಪ್ಪೋ?"

ಗೇಮ್ ಕೆಟ್ಟಿಲ್ಲ. ನಿಮ್ಮ ಚಾಲನೆಯಲ್ಲೂ ದೊಡ್ಡ ದೋಷವಿದೆ ಎಂದು ನನಗೆ ಅನಿಸುವುದಿಲ್ಲ. ತೊಂದರೆ ಇರುವುದು ನೀವು ಗಾಡಿ ನಿಲ್ಲಿಸುವ ರೀತಿಯಲ್ಲಿ. ಈ ಆಟ ಕೈಗೆತ್ತಿಕೊಂಡ ಬಹುತೇಕ ಹುಡುಗರು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಆಡದೇ ಇರುವವರಿಗಾಗಿ ಎರಡು ಮಾತು. ಅಮೆರಿಕದ ಸಿಯಾಟಲ್‌ನ ಐರನ್‌ವುಡ್ ಸ್ಟುಡಿಯೋಸ್ ತಯಾರಿಸಿದ ಈ ಆಟ 2024ರ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಕಥೆ ನಡೆಯುವುದು 1998ರಲ್ಲಿ, ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪದಲ್ಲಿ. ಅಲ್ಲಿ ನಡೆದ ವಿಚಿತ್ರ ಪ್ರಯೋಗಗಳಿಂದ ಕೆಟ್ಟುಹೋದ ಕಾಡುಪ್ರದೇಶಕ್ಕೆ ಗೋಡೆ ಕಟ್ಟಿ, ಅದನ್ನು ನಿಷೇಧಿತ ವಲಯ ಎಂದು ಸಾರಿದ್ದಾರೆ. ಆ ವಲಯದೊಳಗೆ ಸಿಕ್ಕಿಬಿದ್ದ ನಿಮಗೆ ಇರುವ ಆಸರೆ ಒಂದು ಹಳೆಯ ಸ್ಟೇಷನ್ ವ್ಯಾಗನ್ ಕಾರು ಮತ್ತು ಒಂದು ಗ್ಯಾರೇಜ್. ಹೊರಗೆ ಹೋಗಬೇಕು, ಸಾಮಾನು ಕೂಡಿಸಬೇಕು, ಜೀವಸಹಿತ ಗ್ಯಾರೇಜ್‌ಗೆ ಮರಳಬೇಕು, ಗಾಡಿಯನ್ನು ಇನ್ನಷ್ಟು ಗಟ್ಟಿ ಮಾಡಿಕೊಂಡು ಮತ್ತೆ ಹೊರಡಬೇಕು. ಆಟದ ಚಕ್ರ ಇಷ್ಟೇ.

ಬದುಕುಳಿಯುವ ಆಟಗಳಲ್ಲಿ ಸಾಮಾನ್ಯವಾಗಿ ಮನುಷ್ಯನಿಗೆ ಹಸಿವು, ನೀರಡಿಕೆ, ಆಯಾಸ ಇರುತ್ತವೆ. ಇಲ್ಲಿ ನಿಮ್ಮ ಪಾತ್ರಕ್ಕೆ ಹಸಿವಿಲ್ಲ, ನೀರಡಿಕೆಯಿಲ್ಲ. ಅವೆಲ್ಲವೂ ಗಾಡಿಗೆ ವರ್ಗವಾಗಿವೆ. ಪೆಟ್ರೋಲ್, ಬ್ಯಾಟರಿ, ನಾಲ್ಕು ಟೈರು, ಬಾಗಿಲು, ಬಾನೆಟ್, ಬಂಪರ್, ಹೆಡ್‌ಲೈಟ್ ಎಲ್ಲಕ್ಕೂ ಅದರದರ ಆಯುಸ್ಸು ಬೇರೆ. ಗಾಡಿಯ ಒಂದೊಂದು ಭಾಗವನ್ನೂ ಬಿಚ್ಚಿ ಬೇರೆಯದನ್ನು ಹಾಕಬಹುದು, ಒಂದೊಂದು ಭಾಗವೂ ಬೇರೆ ಬೇರೆಯಾಗಿಯೇ ಕೆಡುತ್ತದೆ. ಈ ಆಟದ ಮೇಲೆ ನನಗಿರುವ ಪ್ರೀತಿಗೆ ಮುಖ್ಯ ಕಾರಣವೇ ಇದು.

ಈಗ ಪೆಟ್ರೋಲಿನ ವಿಷಯಕ್ಕೆ ಬರೋಣ. ರಸ್ತೆಯ ಪಕ್ಕ ಒಂದು ಪಾಳುಮನೆ ಕಾಣುತ್ತದೆ. ಬ್ರೇಕ್ ಹಾಕುತ್ತೀರಿ, ಬಾಗಿಲು ತೆರೆದು ಇಳಿಯುತ್ತೀರಿ, ಒಳಗೆ ಹೋಗಿ ಪೆಟ್ಟಿಗೆಗಳನ್ನು ತಡಕುತ್ತೀರಿ, ಕೈಗರಗಸದಿಂದ ಹಳೆಯ ಸಾಮಾನು ಕತ್ತರಿಸಿ ಕಬ್ಬಿಣ ತೆಗೆಯುತ್ತೀರಿ. ಅಷ್ಟೂ ಹೊತ್ತು ಹೊರಗೆ ನಿಮ್ಮ ಗಾಡಿಯ ಇಂಜಿನ್ ಓಡುತ್ತಲೇ ಇರುತ್ತದೆ. ಬೇರೆ ಆಟಗಳಲ್ಲಿ ಇಳಿದ ಕೂಡಲೇ ಗಾಡಿ ತಾನಾಗಿ ಆಫ್ ಆಗುತ್ತದೆ, ನಮಗೆ ಅದೇ ರೂಢಿ. ಜೊತೆಗೆ ನಮ್ಮ ಕಡೆಯ ಇನ್ನೊಂದು ರೂಢಿಯೂ ಸೇರಿಕೊಳ್ಳುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ನಲವತ್ತು ಡಿಗ್ರಿ ದಾಟಿದ ಬಿಸಿಲಿಗೆ ಹೆದರಿ, ಎಸಿ ಹಾಕಿ ಇಂಜಿನ್ ಚಾಲೂ ಇಟ್ಟುಕೊಂಡೇ ಚಹಾಕ್ಕೆ ಗಾಡಿ ನಿಲ್ಲಿಸುವವರು ಎಷ್ಟು ಜನರಿಲ್ಲ! ನಿಜವಾದ ಸಣ್ಣ ಕಾರು ನಿಂತಲ್ಲೇ ಓಡುತ್ತಿದ್ದರೆ ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಆಟದಲ್ಲಿ ಟ್ಯಾಂಕ್ ಇಳಿಯುವ ವೇಗ ಅದಕ್ಕಿಂತ ಬಹಳ ಜೋರು.

ಆಟ ಮಾಡಿದವರು ಕೀಲಿ ತಿರುಗಿಸುವುದನ್ನೂ ಗೇರ್ ಬದಲಿಸುವುದನ್ನೂ ಬೇಕೆಂದೇ ನಿಮ್ಮ ಕೈಗೆ ಬಿಟ್ಟಿದ್ದಾರೆ. ಗೇರನ್ನು ನೀವೇ ಪಾರ್ಕಿಗೆ ಹಾಕಬೇಕು, ಕೀಲಿಯನ್ನು ನೀವೇ ತಿರುಗಿಸಿ ಇಂಜಿನ್ ಆಫ್ ಮಾಡಬೇಕು, ಹೆಡ್‌ಲೈಟನ್ನೂ ವೈಪರನ್ನೂ ನೀವೇ ಆರಿಸಬೇಕು. ಪಾರ್ಕಿಗೆ ಹಾಕದೆ ಇಳಿಜಾರಿನಲ್ಲಿ ಇಳಿದರೆ ಗಾಡಿ ತನ್ನ ಪಾಡಿಗೆ ಉರುಳುತ್ತ ಹೋಗಿ ಮರಕ್ಕೆ ಗುದ್ದುತ್ತದೆ. ಮೊದಮೊದಲು ಇದು ಕಿರಿಕಿರಿ ಎನಿಸುತ್ತದೆ. ಕೈಗೆ ಒಂದು ಕ್ರಮ ಕೂತ ಮೇಲೆ ಆ ಕಿರಿಕಿರಿಯೇ ಆಟದ ಸೊಗಸು ಎಂದು ತಿಳಿಯುತ್ತದೆ. ನಾನು ಹೇಳಿಕೊಡುವ ಕ್ರಮ ಹೀಗಿದೆ: ಮೊದಲು ಪಾರ್ಕ್, ಆಮೇಲೆ ಲೈಟ್, ಆಮೇಲೆ ಕೀಲಿ, ಕೊನೆಗೆ ಬಾಗಿಲು. ಪ್ರತಿ ಸಲವೂ ಇದೇ ಸಾಲು, ಹಿಂದು ಮುಂದು ಆಗಬಾರದು. ಗೆಳೆಯರು ಒಬ್ಬರಾದ ಮೇಲೆ ಒಬ್ಬರು ಆಡುತ್ತೀರಾದರೆ, ಆಡುತ್ತಿರುವವನು ಇದನ್ನು ಗಟ್ಟಿಯಾಗಿ ಹೇಳಲಿ, ಪಕ್ಕದವನು ಕಿವಿಗೊಡಲಿ. ಓಟದ ನಡುವೆ ಆಟಗಾರ ಬದಲಾದಾಗಲೇ ಮರೆವು ಹೆಚ್ಚು.

ಎದುರಿಗೆ ಅಪಾಯ ಕಾದಿರುವಾಗ ಇಂಜಿನ್ ಚಾಲೂ ಇಡುವುದು ಜಾಣತನ ತಾನೇ ಎಂದು ನೀವು ಕೇಳಬಹುದು. ಹೌದು, ಬಿರುಗಾಳಿ ಬೆನ್ನಿಗೆ ಬಿದ್ದಿದ್ದರೆ ಅಥವಾ ಇಳಿದು ಒಂದೇ ಪೆಟ್ಟಿಗೆ ನೋಡಿ ಹತ್ತುವಂತಿದ್ದರೆ ಇಡಿ. ಆಗಲೂ ಗೇರ್ ಪಾರ್ಕಿನಲ್ಲಿಯೇ ಇರಬೇಕು.

ಇನ್ನು ಬ್ಯಾಟರಿ. ಹೆಡ್‌ಲೈಟ್ ಉರಿಯುತ್ತಿದ್ದಷ್ಟು ಹೊತ್ತೂ ಅದು ಕರಗುತ್ತದೆ. ನೀವು ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. ಬಾಗಿಲು ಹಾಕಿದ ಕೂಡಲೇ ಹೆಡ್‌ಲೈಟ್ ಹೊತ್ತಿಕೊಳ್ಳುತ್ತದೆ ಎನ್ನುತ್ತೀರಿ, ಬ್ಯಾಟರಿ ಇಳಿಯುತ್ತದೆ ಎಂದೂ ಹೇಳುತ್ತೀರಿ. ಇವೆರಡನ್ನೂ ಬೇರೆ ಬೇರೆ ತೊಂದರೆ ಎಂದು ತಿಳಿದಿದ್ದೀರಿ. ನೀವು ಶಿಸ್ತಾಗಿ ಲೈಟ್ ಆರಿಸಿ, ಇಳಿದು, ಬಾಗಿಲು ಹಾಕಿ, ಬೆನ್ನು ತಿರುಗಿಸಿ ಮನೆಯೊಳಗೆ ಹೋಗುತ್ತೀರಿ. ನಿಮ್ಮ ಹಿಂದೆ ಲೈಟ್ ಹೊತ್ತಿಕೊಳ್ಳುತ್ತದೆ. ನೀವು ಮರಳಿ ಬರುವಷ್ಟರಲ್ಲಿ ಬ್ಯಾಟರಿಯ ಅರ್ಧ ಕಥೆ ಮುಗಿದಿರುತ್ತದೆ.

ಇದನ್ನು ಆಟದಲ್ಲಿ ಕ್ವರ್ಕ್ ಎನ್ನುತ್ತಾರೆ. ವಲಯದಲ್ಲಿ ಪೆಟ್ಟು ತಿಂದು ಓಡಾಡುವ ಗಾಡಿಗೆ ಕಾಲಕ್ರಮೇಣ ಇಂಥ ಚಾಳಿಗಳು ಅಂಟಿಕೊಳ್ಳುತ್ತವೆ. ಯಾವುದೋ ಒಂದು ಭಾಗದಲ್ಲಿ ಏನೋ ಒಂದು ನಡೆದರೆ, ಸಂಬಂಧವೇ ಇಲ್ಲದ ಇನ್ನೊಂದು ಭಾಗ ಏನೋ ಮಾಡುತ್ತದೆ. ಸ್ಟೀರಿಂಗ್ ತಿರುಗಿಸಿದರೆ ರೇಡಿಯೋ ಹಾಡಬಹುದು, ಗೇರ್ ಬದಲಿಸಿದರೆ ಡಿಕ್ಕಿ ತೆರೆದುಕೊಳ್ಳಬಹುದು. ಯಾವುದರಿಂದ ಯಾವುದು ಎಂದು ಆಟ ನಿಮಗೆ ಹೇಳುವುದಿಲ್ಲ. ನೀವೇ ಕಂಡುಹಿಡಿದು, ಗ್ಯಾರೇಜಿನಲ್ಲಿರುವ ರೋಗಪತ್ತೆಯ ಯಂತ್ರದ ಮುಂದೆ ನಿಂತು ವಾಕ್ಯ ಪೂರ್ತಿ ಮಾಡಬೇಕು: ಇಂಥ ಭಾಗಕ್ಕೆ ಹೀಗಾದಾಗ ಇಂಥ ಭಾಗ ಹೀಗೆ ಮಾಡುತ್ತದೆ. ಊಹೆಗಳಿಗೆ ಮಿತಿಯಿದೆ, ಬಾಯಿಗೆ ಬಂದದ್ದನ್ನೆಲ್ಲ ತುಂಬಿ ನೋಡಲಾಗುವುದಿಲ್ಲ. ಸರಿಯಾಗಿ ಪತ್ತೆ ಹಚ್ಚಿದರೆ ದುರಸ್ತಿಗೆ ಬೇಕಾದ ಸಾಮಾನು ಯಾವುದೆಂದು ತಿಳಿಯುತ್ತದೆ, ಅದನ್ನು ಕೊಟ್ಟರೆ ಚಾಳಿ ಬಿಡುತ್ತದೆ.

ಈ ಪತ್ತೆಯ ಕೆಲಸ ನಮ್ಮ ರಿಂಗ್ ರೋಡಿನ ಆಟೋ ಎಲೆಕ್ಟ್ರಿಷಿಯನ್‌ಗಳ ಕೆಲಸದಂತೆಯೇ ಇದೆ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ ಎಂದು ಗಾಡಿ ಒಯ್ದು ನಿಲ್ಲಿಸಿ ನೋಡಿ. ಒಳ್ಳೆಯ ಕೆಲಸಗಾರ ಮೊದಲೇ ವೈರ್ ಬಿಚ್ಚುವುದಿಲ್ಲ. ನಿಮ್ಮನ್ನು ಸೀಟಿನಲ್ಲಿ ಕೂರಿಸಿ ತಾನು ಹಿಂದೆ ಕುಕ್ಕರಗಾಲಿನಲ್ಲಿ ಕೂರುತ್ತಾನೆ. "ಬ್ರೇಕ್ ಒತ್ತಿ. ಬಿಡಿ. ಈಗ ಪಾರ್ಕಿಂಗ್ ಲೈಟ್ ಹಾಕಿ. ಬ್ರೇಕ್ ಬೇಡ, ಇಂಡಿಕೇಟರ್ ಒಂದೇ ಹಾಕಿ." ಒಂದು ಸಲಕ್ಕೆ ಒಂದೇ ಸ್ವಿಚ್. ಎರಡು ಸ್ವಿಚ್ ಒಟ್ಟಿಗೆ ಹಾಕಿದಿರೋ, ರೇಗುತ್ತಾನೆ. ನಾಲ್ಕೈದು ಸಲ ಹೀಗೆ ಮಾಡಿಸಿ, ಹಿಂದಿನ ಲೈಟಿನ ಅರ್ಥ್, ಅಂದರೆ ಕರೆಂಟ್ ಮರಳಿ ಹೋಗುವ ವೈರ್, ಸಡಿಲವಾಗಿದೆ ಎನ್ನುತ್ತಾನೆ. ಅರ್ಥ್ ಸರಿಯಾಗಿ ಸಿಗದ ಕರೆಂಟ್ ಪಕ್ಕದ ಬಲ್ಬಿನ ದಾರಿ ಹಿಡಿದು ಮರಳುತ್ತದೆ, ಅದಕ್ಕೇ ಬ್ರೇಕಿಗೂ ಇಂಡಿಕೇಟರಿಗೂ ಗಂಟು ಬೀಳುತ್ತದೆ. ಆಟದ ಚಾಳಿಗೆ ಇಂಥ ಭೌತಿಕ ಕಾರಣವಿಲ್ಲ, ಆದರೆ ಹುಡುಕುವ ದಾರಿ ಇದೇ.

ಹಾಗಾದರೆ ನಿಮ್ಮ ಗಾಡಿಯನ್ನು ಗ್ಯಾರೇಜಿನ ಒಳಗೆ ನಿಲ್ಲಿಸಿ. ಅಲ್ಲಿ ಬಿರುಗಾಳಿಯಿಲ್ಲ, ಅವಸರವಿಲ್ಲ. ಚಾಲಕನ ಬಾಗಿಲನ್ನು ತೆರೆದು ನೋಡಿ, ಹಾಕಿ ನೋಡಿ. ಲೈಟ್ ಹೊತ್ತಿದ್ದು ತೆರೆದಾಗಲೋ, ಹಾಕಿದಾಗಲೋ? ಆಮೇಲೆ ಉಳಿದ ಬಾಗಿಲುಗಳು, ಡಿಕ್ಕಿ, ಬಾನೆಟ್ ಒಂದೊಂದಾಗಿ. ಬಾಗಿಲೇ ಕಾರಣ ಎಂದು ಈಗಲೇ ಒಪ್ಪಿಕೊಳ್ಳಬೇಡಿ. ಗಾಡಿ ಹತ್ತಿ ಬಾಗಿಲು ಹಾಕಿದ ಕೂಡಲೇ ನಾವು ಕೀಲಿ ತಿರುಗಿಸುತ್ತೇವೆ, ನಿಜವಾದ ಕಾರಣ ಕೀಲಿಯೂ ಆಗಿರಬಹುದು. ಹಾಗೆಯೇ ಹೊತ್ತಿದ ಲೈಟ್ ಹೊತ್ತಿಯೇ ಉಳಿಯಿತೋ, ಇನ್ನೊಮ್ಮೆ ಬಾಗಿಲು ಹಾಕಿದರೆ ಆರಿತೋ ಎಂಬುದನ್ನೂ ಗಮನಿಸಿ. ಹೊತ್ತಿಸುವುದು ಬೇರೆ, ಹೊತ್ತಿದ್ದರೆ ಆರಿಸಿ ಆರಿದ್ದರೆ ಹೊತ್ತಿಸುವುದು ಬೇರೆ. ಯಂತ್ರದ ಮುಂದೆ ಬಹಳ ಜನ ಎಡವುವುದು ಇಲ್ಲೇ. ಎಲ್ಲ ಚಾಳಿಯನ್ನೂ ಬಿಡಿಸಲೇಬೇಕೆಂದಿಲ್ಲ. ರೇಡಿಯೋ ತಾನಾಗಿ ಹಾಡಿದರೆ ಹಾಡಲಿ ಬಿಡಿ, ಸಾಮಾನು ಉಳಿಯುತ್ತದೆ. ಬ್ಯಾಟರಿ ತಿನ್ನುವ ಚಾಳಿಯನ್ನು ಮಾತ್ರ ಒಂದು ಓಟಕ್ಕೂ ಇಟ್ಟುಕೊಳ್ಳಬೇಡಿ.

ಇಷ್ಟಾದ ಮೇಲೂ ಪೆಟ್ರೋಲ್ ಸಾಲದಿದ್ದರೆ ಹೊರಗೆ ಸಿಗುತ್ತದೆ. ಪಾಳುಬಿದ್ದ ಕಾರುಗಳ ಟ್ಯಾಂಕಿನಿಂದ ಕ್ಯಾನಿಗೆ ಹೀರಿಕೊಳ್ಳಬಹುದು, ಹಳೆಯ ಪೆಟ್ರೋಲ್ ಪಂಪುಗಳೂ ಅಲ್ಲಲ್ಲಿ ಇವೆ. ಕ್ಯಾನ್ ಇಲ್ಲದೆ ಗ್ಯಾರೇಜ್ ಬಿಡಬಾರದು. ಮುಂದೆ ಗಾಡಿಯ ಪಕ್ಕಕ್ಕೆ ಹೆಚ್ಚುವರಿ ಟ್ಯಾಂಕನ್ನೋ ಬ್ಯಾಟರಿಯನ್ನೋ ಕಟ್ಟಿಕೊಳ್ಳುವ ಸೌಲಭ್ಯ ಬರುತ್ತದೆ. ಆದರೆ ಕಾರಣ ತಿಳಿಯದೆ ದೊಡ್ಡ ಟ್ಯಾಂಕ್ ಕಟ್ಟಿಕೊಂಡವರು ಇನ್ನಷ್ಟು ದೂರ ಹೋಗಿ ಅಲ್ಲಿ ನಿಲ್ಲುತ್ತಾರೆ, ಅಷ್ಟೇ.

ಮರಳುವ ಮಾತಿಗೆ ಬಂದರೆ, ಇಲ್ಲಿ ಹೋದ ದಾರಿಯಲ್ಲೇ ಹಿಂದಿರುಗುವ ಹಾಗಿಲ್ಲ. ವಲಯದಲ್ಲಿ ಹರಡಿರುವ, ಬೆಳಗುವ ಶಕ್ತಿಗೋಲಗಳನ್ನು ಕಿತ್ತು ತಂದು ಗಾಡಿಯಲ್ಲಿ ಅದಕ್ಕೆಂದೇ ಇರುವ ಯಂತ್ರಕ್ಕೆ ತುಂಬಬೇಕು. ಸಾಕಷ್ಟು ಶಕ್ತಿ ಸೇರಿದ ಮೇಲೆ ನಕ್ಷೆಯಲ್ಲಿ ಒಂದು ಜಾಗ ಆರಿಸಿ ಗೇಟ್‌ವೇ, ಅಂದರೆ ಗ್ಯಾರೇಜಿಗೆ ಮರಳುವ ದ್ವಾರ, ತೆರೆಯಬೇಕು. ತೆರೆದ ಕ್ಷಣವೇ ಸುತ್ತಲಿಂದ ಬಿರುಗಾಳಿ ಮುಚ್ಚಿಕೊಂಡು ಬರುತ್ತದೆ, ಅದು ನಿಮ್ಮನ್ನು ನುಂಗುವ ಮೊದಲು ಆಕಾಶಕ್ಕೆ ನಿಂತ ಬೆಳಕಿನ ಕಂಬದೊಳಗೆ ಗಾಡಿ ನುಗ್ಗಿಸಬೇಕು. ನೀವು ಸೋಲುವುದು ಬಹುಶಃ ಇಲ್ಲಿಯೂ ಇರಬಹುದು. ಟ್ಯಾಂಕಿನಲ್ಲಿ ತಳ ಕಾಣುವಾಗ ಗೇಟ್ ತೆರೆಯುತ್ತೀರಿ, ಕಾಡಿನ ನಡುವೆ ಅಡ್ಡದಾರಿ ಹಿಡಿಯುತ್ತೀರಿ, ಟೈರ್ ಪಂಕ್ಚರ್ ಆಗುತ್ತದೆ, ಬಿರುಗಾಳಿ ಮುಟ್ಟುತ್ತದೆ. ಓಟ ಕೆಟ್ಟರೆ ಅಷ್ಟು ಹೊತ್ತು ಕೂಡಿಸಿದ್ದು ಬಹುಮಟ್ಟಿಗೆ ಕೈಬಿಟ್ಟು, ಜಖಂಗೊಂಡ ಗಾಡಿಯೊಂದಿಗೆ ಗ್ಯಾರೇಜಿನಲ್ಲಿ ಕಣ್ಣು ಬಿಡುತ್ತೀರಿ.

ಅದಕ್ಕೆ ಟ್ಯಾಂಕ್ ಅರ್ಧಕ್ಕೆ ಇಳಿದಾಗಲೇ ಮರಳುವ ಲೆಕ್ಕ ಹಾಕಿ. ಗೇಟ್ ತೆರೆಯುವ ಮೊದಲು ಟೈರ್ ನೋಡಿಕೊಳ್ಳಿ, ಒಡೆದ ಭಾಗಗಳಿಗೆ ಪುಟ್ಟಿ ಹಚ್ಚಿ, ಗಾಡಿಯ ಮೂತಿಯನ್ನು ಹೋಗಬೇಕಾದ ದಿಕ್ಕಿಗೆ ತಿರುಗಿಸಿ ನಿಲ್ಲಿಸಿ, ನಕ್ಷೆಯಲ್ಲಿ ದಾರಿಯನ್ನು ಕಣ್ಣಿನಿಂದ ಒಮ್ಮೆ ಓಡಿಸಿ. ಡಾಂಬರು ರಸ್ತೆ ಮುಟ್ಟುವ ಗೇಟ್ ಸ್ವಲ್ಪ ದೂರವಿದ್ದರೂ ಕಾಡಿನ ಹತ್ತಿರದ ಗೇಟಿಗಿಂತ ವಾಸಿ. ಶಕ್ತಿಗೋಲ ಕಿತ್ತಷ್ಟೂ ಆ ಜಾಗ ಅಸ್ಥಿರವಾಗುತ್ತದೆ ಎಂಬುದೂ ನೆನಪಿರಲಿ. ಮೊದಲು ಮನೆಗಳ ಸಾಮಾನು, ಆಮೇಲೆ ಗೋಲ. ಈ ಸರದಿ ತಲೆಕೆಳಗಾದರೆ ಸಾಮಾನು ಹುಡುಕಲು ಹೊತ್ತೇ ಉಳಿಯುವುದಿಲ್ಲ.

ದಾರಿಯ ಭೂತಚೇಷ್ಟೆಗಳ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಗಾಡಿಗೆ ಹಗ್ಗ ಕಟ್ಟಿದಂತೆ ಹಿಡಿದೆಳೆಯುವ ಹಾರುಯಂತ್ರದಿಂದ ದೂರ ಸರಿಯಿರಿ, ನಿಂತಲ್ಲೇ ನಿಂತಿರುವ ಮನುಷ್ಯಾಕಾರದ ಬೊಂಬೆಗಳನ್ನು ಮುಟ್ಟಬೇಡಿ, ಅವು ಸಿಡಿಯುತ್ತವೆ. ಉಳಿದದ್ದನ್ನು ನೀವೇ ಕಂಡುಕೊಳ್ಳುವುದು ಚೆಂದ.

ನಿಮ್ಮ ಗುಂಪಿನಲ್ಲಿ ಯಾರಿಗಾದರೂ ಪಾನಾ ಹಿಡಿಯುವ ಹುಚ್ಚಿದ್ದರೆ ಮೈ ಸಮ್ಮರ್ ಕಾರ್ ಎಂಬ ಫಿನ್ಲೆಂಡಿನ ಆಟವನ್ನೂ ನೋಡಲಿ. 1995ರ ಫಿನ್ಲೆಂಡಿನ ಹಳ್ಳಿ, ಬಿಡಿಭಾಗಗಳಾಗಿ ಬಿದ್ದಿರುವ ಒಂದು ಕಾರು. ಪ್ರತಿಯೊಂದು ಬೋಲ್ಟನ್ನೂ ಸರಿಯಾದ ಅಳತೆಯ ಪಾನಾದಿಂದ ಬಿಗಿಯಬೇಕು, ಸಡಿಲ ಬಿಟ್ಟರೆ ಓಡುವಾಗ ಕಳಚುತ್ತದೆ. ಅಲ್ಲಿ ಚಾಲಕನಿಗೂ ಹಸಿವು, ನೀರಡಿಕೆ, ಆಯಾಸ ಎಲ್ಲ ಇವೆ. ಪೆಸಿಫಿಕ್ ಡ್ರೈವ್‌ಗಿಂತ ಹತ್ತು ಪಟ್ಟು ತಾಳ್ಮೆ ಬೇಡುವ ಆಟ, ಪರೀಕ್ಷೆಯ ಹೊತ್ತಿನಲ್ಲಿ ಬೇಡ.

ಕೊನೆಗೆ, ಗ್ಯಾರೇಜಿಗೆ ಮರಳಿದ ಮೇಲಿನ ಕೆಲಸ. ಹೊಸ ಸೌಲಭ್ಯಗಳ ಪಟ್ಟಿ ನೋಡಿ ಎಲ್ಲ ಸಾಮಾನನ್ನೂ ಅದಕ್ಕೇ ಸುರಿಯುವ ಆಸೆ ಆಗುತ್ತದೆ. ಮೊದಲು ಟೈರ್, ಬಾಗಿಲು, ಬ್ಯಾಟರಿ ಸರಿಮಾಡಿ, ಟ್ಯಾಂಕ್ ತುಂಬಿಸಿ, ಮುಂದಿನ ಓಟಕ್ಕೆ ಬೇಕಾದ ಪುಟ್ಟಿ ಮತ್ತು ಪಂಕ್ಚರ್ ಕಿಟ್ ತೆಗೆದಿರಿಸಿ. ಮಿಕ್ಕಿದ್ದರಲ್ಲಿ ಮಾತ್ರ ಹೊಸದನ್ನು ಕಟ್ಟಿ. ಕೈ ಪೂರ್ತಿ ಖಾಲಿಯಾಗಿದ್ದರೆ ಗ್ಯಾರೇಜಿನ ಬಳಿ ಇರುವ ಕಸದ ತೊಟ್ಟಿಯ ಹತ್ತಿರ ಹೋಗಿ ನೋಡಿ, ಹೊರಡಲು ಸಾಕಾಗುವಷ್ಟು ಸಾಮಾನನ್ನು ಅದು ಉಗುಳಿಕೊಡುತ್ತದೆ.